ಕನ್ನಡ ವಿಕಿಪೀಡಿಯ ಡಂಪನ್ನ ಪೈಥಾನ್‌ನಲ್ಲಿ ಬಿಚ್ಚಿ ಮತ್ತೆ ಕಂಪ್ರೆಸ್ ಮಾಡಿದ ನನ್ನ ಅನುಭವ

ಕನ್ನಡ ವಿಕಿಪೀಡಿಯದ ಲೇಖನಗಳನ್ನ ಇಂಟರ್ನೆಟ್ ಇಲ್ಲದ ಕಂಪ್ಯೂಟರಲ್ಲೂ ಹುಡುಕಿ ಓದೋ ಹಾಗೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೀತಿದೀನಿ. ವಿಕಿಮೀಡಿಯದವರು ಎಲ್ಲಾ ಲೇಖನಗಳನ್ನೂ ಒಂದೇ ದೊಡ್ಡ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ಬರ್ಯೋ ಪಠ್ಯ) ಫೈಲ್ ಮಾಡಿ, ಬಿಝಿಪ್2 ಅನ್ನೋ ವಿಧಾನದಲ್ಲಿ ಕಂಪ್ರೆಸ್ ಮಾಡಿ, ಡಂಪ್ ಅಂತ ಬಿಡ್ತಾರೆ, ಯಾರು ಬೇಕಾದ್ರೂ ಇಳಿಸ್ಕೋಬಹುದು. ಅದನ್ನ ಬಿಚ್ಚಿ, ಬೇಕಾದ್ದು ತಗೊಂಡು, ಮತ್ತೆ ಚಿಕ್ಕದು ಮಾಡಿ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಒಳಗೆ ಇಡೋದು, ಕೆಲಸ ಇಷ್ಟೇ. ಆದ್ರೆ ನಾನು ಓದಿದ ಪಾಠಗಳೆಲ್ಲ ಇಂಗ್ಲಿಷ್ ಪಠ್ಯ ಇಟ್ಕೊಂಡೇ ವಿವರಿಸ್ತಾವೆ, ಕನ್ನಡ ಪಠ್ಯ ಬಂದಾಗ ಎಲ್ಲೆಲ್ಲಿ ಬೇರೆ ಥರ ಯೋಚಿಸ್ಬೇಕು ಅನ್ನೋದು ಅವುಗಳಲ್ಲಿ ಕಾಣಲಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಡಂಪ್ ವಿಷಯ. ಇದನ್ನ ಡಿಸ್ಕ್ ಮೇಲೆ ಪೂರ್ತಿ ಬಿಚ್ಚೋ ಅಗತ್ಯನೇ ಇಲ್ಲ. ಬಿಝಿಪ್2 ಬಿಚ್ಚೋಕೆ ಪೈಥಾನ್ ಜೊತೆಗೇ ಬರೋ ಬಿಝಡ್2 ಮಾಡ್ಯೂಲ್‌ನ ಓಪನ್ ಫಂಕ್ಷನ್ ಕೊಡೋ ಫೈಲನ್ನ ನೇರವಾಗಿ ಎಕ್ಸ್‌ಎಂಎಲ್‌ನ ಇಟರ್‌ಪಾರ್ಸ್‌ಗೆ ಕೊಟ್ರೆ ಆಯ್ತು, ಅದು ಬೇಕಾದಷ್ಟೇ ಬಿಚ್ಕೊಂಡು ಓದ್ತಾ ಹೋಗತ್ತೆ. ಒಂದು ಪುಟ ಓದಿ ಮುಗಿದ ಮೇಲೆ ಆ ಎಲಿಮೆಂಟನ್ನ (ಪುಟದ ಟ್ಯಾಗ್ ಮತ್ತೆ ಅದರೊಳಗೆ ಇರೋದನ್ನ) ಮೆಮೊರಿಯಿಂದ ಕ್ಲಿಯರ್ ಮಾಡ್ಬೇಕು, ಅದೊಂದೇ ಸಾಲಲ್ಲ, ಅದರ ಅಪ್ಪ ಅಂದ್ರೆ ರೂಟ್ ಎಲಿಮೆಂಟನ್ನೂ ಕ್ಲಿಯರ್ ಮಾಡ್ಬೇಕು, ಇಲ್ಲಾಂದ್ರೆ ಖಾಲಿ ಎಲಿಮೆಂಟುಗಳೇ ರೂಟ್‌ಗೆ ನೇತಾಡ್ಕೊಂಡು ಮೆಮೊರಿ ಏರ್ತಾನೇ ಇರತ್ತೆ.

ನನಗೆ ತುಂಬ ಇಷ್ಟ ಆಗಿದ್ದು ಮಲ್ಟಿಸ್ಟ್ರೀಮ್ ಅನ್ನೋ ಇನ್ನೊಂದು ಥರದ ಡಂಪ್. ಮಾಮೂಲಿ ಕಂಪ್ರೆಸ್ ಆದ ಫೈಲಲ್ಲಿ ಮಧ್ಯದಲ್ಲಿರೋ ಲೇಖನ ಬೇಕು ಅಂದ್ರೆ ಶುರುವಿಂದ ಅಲ್ಲೀವರೆಗೆ ಬಿಚ್ಚಲೇಬೇಕು. ಮಲ್ಟಿಸ್ಟ್ರೀಮ್‌ನಲ್ಲಿ ನೂರು ನೂರು ಪುಟಗಳನ್ನ ಬೇರೆ ಬೇರೆಯಾಗಿ ಬಿಝಿಪ್2 ಮಾಡಿ, ಆ ತುಂಡುಗಳನ್ನ ಒಂದರ ಹಿಂದೆ ಒಂದು ಅಂಟಿಸಿರ್ತಾರೆ, ಜೊತೆಗೆ ಒಂದು ಇಂಡೆಕ್ಸ್ ಫೈಲ್ ಕೊಡ್ತಾರೆ. ಇಂಡೆಕ್ಸ್‌ನ ಒಂದೊಂದು ಸಾಲಲ್ಲೂ ಆ ತುಂಡು ಎಷ್ಟನೇ ಬೈಟಿಂದ ಶುರು, ಪುಟದ ಐಡಿ, ಪುಟದ ಹೆಸರು, ಈ ಮೂರೂ ಕೋಲನ್ ಹಾಕಿ ಬರ್ದಿರತ್ತೆ. ಇಲ್ಲಿ ಸ್ಪ್ಲಿಟ್ ಮಾಡುವಾಗ ಮೊದಲ ಎರಡು ಕೋಲನ್‌ಗೆ ಮಾತ್ರ ಕತ್ತರಿಸಿ, ಯಾಕಂದ್ರೆ "ವರ್ಗ:" "ಟೆಂಪ್ಲೇಟು:" ಅಂತ ಶುರುವಾಗೋ ಪುಟಗಳ ಹೆಸರಲ್ಲೇ ಕೋಲನ್ ಇದೆ.

ಆಮೇಲೆ ಫೈಲನ್ನ ಬೈನರಿಯಾಗಿ ತೆಗೆದು, ಆ ಬೈಟಿಗೆ ಸೀಕ್ ಮಾಡಿ (ನೇರ ಅಲ್ಲಿಗೇ ಹಾರಿ), ಹೊಸ ಬಿಝಡ್2 ಡಿಕಂಪ್ರೆಸರ್ ಆಬ್ಜೆಕ್ಟ್ ಒಂದಕ್ಕೆ ಡೇಟಾ ಕೊಡ್ತಾ ಹೋಗೋದು, ಅದರ ಇಒಎಫ್ (ತುಂಡು ಮುಗೀತು ಅನ್ನೋ ಗುರುತು) ಟ್ರೂ ಆದ ತಕ್ಷಣ ನಿಲ್ಸೋದು. ಈ ಆಬ್ಜೆಕ್ಟ್ ಒಂದು ಸ್ಟ್ರೀಮ್‌ಗೆ, ಅಂದ್ರೆ ಒಂದು ತುಂಡಿಗೆ ಮಾತ್ರ, ಮುಂದಿನ ತುಂಡಿಗೆ ಸೇರಿದ ಬೈಟುಗಳು ಅನ್‌ಯೂಸ್ಡ್ ಡೇಟಾದಲ್ಲಿ ಉಳಿದಿರ್ತಾವೆ, ಮುಂದಕ್ಕೆ ಹೋಗ್ಬೇಕಾದ್ರೆ ಇನ್ನೊಂದು ಆಬ್ಜೆಕ್ಟ್ ಮಾಡಿ ಅದನ್ನ ಅಲ್ಲಿಂದ ಕೊಡ್ಬೇಕು. ಬಂದ ಎಕ್ಸ್‌ಎಂಎಲ್‌ನಲ್ಲಿ ಹೊರಗಿನ ಟ್ಯಾಗ್ ಇರಲ್ಲ, ಬರೀ ಪುಟಗಳು ಸಾಲಾಗಿ ಇರ್ತಾವೆ, ಹಾಗಾಗಿ ಸುತ್ತ ಒಂದು ರೂಟ್ ಟ್ಯಾಗ್ ನಾವೇ ಹಾಕಿ ಪಾರ್ಸ್ ಮಾಡ್ಬೇಕು. ಇಷ್ಟು ಮಾಡಿದ್ರೆ ಬೇಕಾದ ಒಂದು ಲೇಖನಕ್ಕೆ ಹೆಚ್ಚಂದ್ರೆ ನೂರು ಪುಟ ಬಿಚ್ಚಿದ್ರೆ ಸಾಕು.

ಇಲ್ಲೇ ಕನ್ನಡದ ಪ್ರಶ್ನೆ ಬರೋದು. ಅಕ್ಷರಗಳನ್ನ ಬೈಟುಗಳಾಗಿ ಬರ್ಯೋ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ (ಯೂನಿಕೋಡ್ ನಂಬರ್ ಇರೋ ಒಂದೊಂದು ಗುರುತಿಗೂ) ಮೂರು ಬೈಟ್, ಒತ್ತಿಗೆ ಬೇಕಾದ ವಿರಾಮ ಚಿಹ್ನೆ (್), ಕಾಗುಣಿತದ ಗುರುತು ಎಲ್ಲಕ್ಕೂ ಮೂರು ಮೂರು. "ಕನ್ನಡ" ಅನ್ನೋ ಪದಕ್ಕೇ 15 ಬೈಟ್. ಈಗ ಡಿಕಂಪ್ರೆಸರ್ ಡೇಟಾ ಕೊಡೋದು ಬೈಟ್ ಲೆಕ್ಕದಲ್ಲಿ, ಅದಕ್ಕೆ ಅಕ್ಷರದ ಗಡಿ ಗೊತ್ತಿಲ್ಲ, ಹಾಗಾಗಿ ತುಂಡು ತುಂಡಾಗಿ ಬಿಚ್ಚುವಾಗ ಒಂದು ತುಂಡಿನ ಕೊನೆ ಅಕ್ಷರದ ನಡುವೆಯೇ ಬೀಳ್ಬಹುದು, ಬರೀ ಕನ್ನಡ ಇರೋ ಪಠ್ಯದಲ್ಲಂತೂ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಸಲ ಹಾಗೇ ಆಗತ್ತೆ. ಆ ತುಂಡನ್ನ ನೇರವಾಗಿ ಡಿಕೋಡ್ ಮಾಡಿದ್ರೆ, ಅಂದ್ರೆ ಬೈಟಿಂದ ಅಕ್ಷರಕ್ಕೆ ತಿರುಗಿಸಿದ್ರೆ, ಯೂನಿಕೋಡ್ ಡಿಕೋಡ್ ಎರರ್. ಕೆಲವರು ಇದಕ್ಕೆ ಎರರ್ಸ್ ಇಗ್ನೋರ್ ಅಂತ ಹಾಕಿಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಎಲ್ಲೋ ಒಂದು ದೀರ್ಘ, ಎಲ್ಲೋ ಒಂದು ಒತ್ತಕ್ಷರ ಸದ್ದಿಲ್ದೆ ಹೋಗಿರತ್ತೆ, ಆಮೇಲೆ ಯಾರಿಗೂ ಗೊತ್ತಾಗಲ್ಲ. ಕೋಡೆಕ್ಸ್ ಮಾಡ್ಯೂಲ್‌ನಲ್ಲಿ ಇನ್‌ಕ್ರಿಮೆಂಟಲ್ ಡಿಕೋಡರ್ ಇದೆ, ಅದು ಅರ್ಧ ಅಕ್ಷರವನ್ನ ತನ್ನ ಹತ್ರ ಇಟ್ಕೊಂಡು ಮುಂದಿನ ತುಂಡು ಬಂದಾಗ ಸೇರಿಸಿ ಕೊಡತ್ತೆ. ಓಪನ್ ಫಂಕ್ಷನ್‌ನಲ್ಲಿ ಟೆಕ್ಸ್ಟ್ ಮೋಡ್ ಮತ್ತೆ ಎನ್‌ಕೋಡಿಂಗ್ ಹೇಳಿದ್ರೆ ಈ ಕೆಲಸ ಒಳಗೇ ಆಗಿಹೋಗತ್ತೆ.

ಮೂರು ಬೈಟ್ ಅಂದ್ರೆ ಕಂಪ್ರೆಸ್ ಆದ್ಮೇಲೂ ಮೂರು ಪಟ್ಟಾ? ಇಲ್ಲ. ಕನ್ನಡದ ಕೋಡ್‌ಪಾಯಿಂಟುಗಳ ಮೊದಲ ಬೈಟ್, ಹೆಕ್ಸಾಡೆಸಿಮಲ್‌ನಲ್ಲಿ (16ರ ಲೆಕ್ಕದಲ್ಲಿ) ಬರೆದ್ರೆ, ಯಾವಾಗ್ಲೂ ಇ0, ಎರಡನೇದು ಬಿ2 ಇಲ್ಲಾ ಬಿ3, ನಿಜವಾದ ಮಾಹಿತಿ ಬಹುಪಾಲು ಇರೋದು ಮೂರನೇದ್ರಲ್ಲಿ. ಪೈಥಾನ್ ಜೊತೆಗೇ ಬರೋ ಝಡ್‌ಲಿಬ್ ಮಾಡ್ಯೂಲ್ ಬಳಸೋ ಡಿಫ್ಲೇಟ್ ವಿಧಾನ ಅಂದ್ರೆ ಲೆಂಪೆಲ್ ಮತ್ತೆ ಝಿವ್ 1977ರಲ್ಲಿ ಕೊಟ್ಟ ಉಪಾಯದ ಜೊತೆ ಹಫ್‌ಮನ್ 1952ರಲ್ಲಿ ಕೊಟ್ಟಿದ್ದನ್ನ ಸೇರಿಸಿದ್ದು: ಹಿಂದೆ ಬಂದಿದ್ದೇ ಮತ್ತೆ ಬಂದ್ರೆ "ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ತಗೋ" ಅಂತ ಬರ್ಯೋದು, ಹೆಚ್ಚು ಸಲ ಬರೋ ಚಿಹ್ನೆಗೆ ಕಮ್ಮಿ ಬಿಟ್ ಕೊಡೋದು. ಇ0, ಬಿ2 ಪದೇ ಪದೇ ಬರೋದ್ರಿಂದ ಅವಕ್ಕೆ ತುಂಬ ಚಿಕ್ಕ ಕೋಡ್ ಸಿಗತ್ತೆ. ಆದ್ರೂ ಕನ್ನಡಕ್ಕೆ ಒಂದು ನಷ್ಟ ಇದೆ. ಡಿಫ್ಲೇಟ್ ಹಿಂದಕ್ಕೆ ನೋಡೋದು 32,768 ಬೈಟ್ ಮಾತ್ರ, ಇಂಗ್ಲಿಷ್‌ನಲ್ಲಿ ಅದು ಅಷ್ಟೇ ಅಕ್ಷರ, ಕನ್ನಡದಲ್ಲಿ ಹನ್ನೊಂದು ಸಾವಿರವೂ ಇಲ್ಲ. ದೊಡ್ಡ ಫೈಲಿಗೆ ಬಿಝಿಪ್2 ಅಥವಾ ಎಲ್‌ಝಡ್‌ಎಂಎ ಅನ್ನೋ ಇನ್ನೊಂದು ವಿಧಾನ ಒಳ್ಳೇದು ಅನ್ನೋಕೆ ನನಗೆ ಇದೇ ಕಾರಣ, ಮೊದಲನೇದು 9 ಲಕ್ಷ ಬೈಟಿನ ಬ್ಲಾಕ್ ತಗೊಳತ್ತೆ, ಎರಡನೇದರ ಡೀಫಾಲ್ಟ್ ಡಿಕ್ಷನರಿ (ಹಿಂದಕ್ಕೆ ನೋಡೋ ಜಾಗ) 8 ಎಂಬಿ.

ಜಾಗ ಉಳಿಸೋಕೆ ಅಂತ ಝೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರ ಒತ್ತಾಗಿ ಸೇರದ ಹಾಗೆ ನಡುವೆ ಹಾಕೋ ಕಾಣದ ಗುರುತು) ಕಿತ್ತುಹಾಕೋ ಸಲಹೆನೂ ಬಂತು. ಅದಕ್ಕೂ ಮೂರು ಬೈಟ್ ನಿಜ, ಆದ್ರೆ ಅದಿಲ್ದೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗತ್ತೆ. ಪಠ್ಯದಲ್ಲಿ ಇರೋದು ಹಾಗೇ ವಾಪಸ್ ಬರ್ಬೇಕು, ಅದರಲ್ಲಿ ರಾಜಿ ಇಲ್ಲ.

ಇನ್ನು ಎಸ್‌ಕ್ಯೂಲೈಟ್‌ನಲ್ಲಿ ಇಡೋದು. ಲೇಖನಗಳನ್ನ ಒಂದೊಂದಾಗಿ ಕಂಪ್ರೆಸ್ ಮಾಡಿ ಬ್ಲಾಬ್ (ಬೈಟುಗಳನ್ನ ಹಾಗೇ ಇಡೋ) ಕಾಲಮ್‌ಗೆ ಹಾಕ್ತೀನಿ, ಹಾಗಿದ್ರೇನೇ ಬೇಕಾದ್ದು ಮಾತ್ರ ಬಿಚ್ಚೋಕಾಗೋದು. ತೊಂದ್ರೆ ಏನಂದ್ರೆ ನಾಲ್ಕು ಸಾಲಿನ ಪುಟಗಳೂ ಇರ್ತಾವೆ, ಚಿಕ್ಕ ಪಠ್ಯದಲ್ಲಿ ಮರುಕಳಿಸೋದೇ ಏನೂ ಇರಲ್ಲ, "ಕನ್ನಡ" ಅನ್ನೋ 15 ಬೈಟನ್ನ ಝಡ್‌ಲಿಬ್‌ಗೆ ಕೊಟ್ರೆ 20 ದಾಟತ್ತೆ. ಬರೀ ಹೆಡರ್ ಮತ್ತೆ ಚೆಕ್‌ಸಮ್‌ಗೇ 6 ಬೈಟ್ ಹೋಗತ್ತೆ, ಅದೇ ಡಿಫ್ಲೇಟ್ ಬಳಸೋ ಜಿಝಿಪ್ ಆದ್ರೆ ಕಮ್ಮಿ ಅಂದ್ರೂ 18.

ಇದಕ್ಕೆ ಮದ್ದು ಝಡ್‌ಡಿಕ್ಟ್, ಅಂದ್ರೆ ಮೊದಲೇ ಕೊಡೋ ಒಂದು ಡಿಕ್ಷನರಿ. ಪೈಥಾನ್ 3.3ರಿಂದ ಝಡ್‌ಲಿಬ್‌ನ ಕಂಪ್ರೆಸ್‌ಆಬ್ಜ್ ಫಂಕ್ಷನ್‌ಗೆ ಈ ಆರ್ಗ್ಯುಮೆಂಟ್ ಕೊಡಬಹುದು. ಎಲ್ಲಾ ಪುಟಗಳಲ್ಲೂ ಬರೋ ಮಾತುಗಳನ್ನ, ಅಂದ್ರೆ "ಕರ್ನಾಟಕದ", "ಜಿಲ್ಲೆಯ", "ಉಲ್ಲೇಖಗಳು", "ಬಾಹ್ಯ ಕೊಂಡಿಗಳು", ಟೆಂಪ್ಲೇಟುಗಳ ಹೆಸರು, ಇವನ್ನೆಲ್ಲ ಒಂದು ಬೈಟ್ ಸಾಲಾಗಿ ಜೋಡಿಸಿ ಕೊಟ್ರೆ, ಲೇಖನ ಶುರುವಾಗೋ ಮೊದಲೇ ಅದೆಲ್ಲ ಹಿಂದೆ ಬಂದಿದೆ ಅನ್ನೋ ಹಾಗೆ ಕಂಪ್ರೆಸರ್ ನಡ್ಕೊಳತ್ತೆ. ಹೆಚ್ಚು ಬಳಕೆಯ ತುಂಡುಗಳನ್ನ ಕೊನೆಯಲ್ಲಿ ಇಡಿ, ದೂರ ಕಮ್ಮಿ ಆದಷ್ಟೂ ಬರ್ಯೋ ಬಿಟ್ ಕಮ್ಮಿ. ನನ್ನ ಚಿಕ್ಕ ಪುಟಗಳಿಗೆ ಇದರಷ್ಟು ಲಾಭ ಕಂಪ್ರೆಸ್ ಮಾಡೋ ಲೆವೆಲ್ 6ರಿಂದ 9ಕ್ಕೆ ಏರಿಸಿದ್ರೂ ಸಿಗಲಿಲ್ಲ. ಒಂದೇ ಷರತ್ತು, ಬಿಚ್ಚುವಾಗಲೂ ಅದೇ ಡಿಕ್ಷನರಿ ಬೈಟ್ ಬಿಡದ ಹಾಗೆ ಬೇಕು, ಒಂದು ಪದ ಬದಲಾದ್ರೂ ಹಳೇದು ಬಿಚ್ಚಲ್ಲ. ಅದಕ್ಕೇ ಡಿಕ್ಷನರಿಗಳನ್ನ ಡೇಟಾಬೇಸ್ ಒಳಗೇ ಬೇರೆ ಟೇಬಲ್‌ನಲ್ಲಿ ಇಟ್ಟು, ಯಾವ ಲೇಖನಕ್ಕೆ ಯಾವುದು ಅಂತ ನಂಬರ್ ಬರ್ದಿಡ್ತೀನಿ.

ಬೇರೆಯವರು ಕೊಟ್ಟ ಫೈಲ್ ಬಿಚ್ಚುವಾಗ ಮ್ಯಾಕ್ಸ್ ಲೆಂತ್ (ಒಂದು ಸಲಕ್ಕೆ ಹೆಚ್ಚಂದ್ರೆ ಎಷ್ಟು ಬೈಟ್ ಬರ್ಬೇಕು ಅನ್ನೋದು) ಕೊಟ್ಟು ಮಿತಿ ಹಾಕಿ, ಡಿಫ್ಲೇಟ್‌ನಲ್ಲಿ ಒಂದು ಬೈಟ್ ಸಾವಿರಕ್ಕಿಂತ ಹೆಚ್ಚು ಬೈಟಾಗಿ ಉಬ್ಬೋಕೆ ಸಾಧ್ಯ.

ಝಡ್‌ಸ್ಟ್ಯಾಂಡರ್ಡ್ ಅನ್ನೋ ಕಂಪ್ರೆಸ್ ವಿಧಾನ ಯಾಕೆ ಬಳಸಲಿಲ್ಲ ಅಂತ ಕೇಳ್ತೀರ. 2016ರಲ್ಲಿ ಫೇಸ್‌ಬುಕ್ ಬಿಟ್ಟಿದ್ದು ಅದು, ಬಿಚ್ಚೋದ್ರಲ್ಲಿ ತುಂಬ ವೇಗ, ಮಾದರಿ ಪಠ್ಯ ಕೊಟ್ರೆ ಡಿಕ್ಷನರಿನೂ ತಾನೇ ಮಾಡಿಕೊಡತ್ತೆ, 2025ರಲ್ಲಿ ಬಂದ ಪೈಥಾನ್ 3.14ರಲ್ಲಿ ಜೊತೆಗೇ ಸಿಗತ್ತೆ. ಆದ್ರೆ ನನ್ನ ಪ್ರೋಗ್ರಾಂ ಓಡ್ಬೇಕಾಗಿರೋದು ನೆಟ್ ಇಲ್ಲದ ಹಳೇ ಕಂಪ್ಯೂಟರುಗಳಲ್ಲಿ, ಅಲ್ಲಿರೋದು ಹಳೇ ಪೈಥಾನ್, ಪಿಪ್ (ಪೈಥಾನ್ ಪ್ಯಾಕೇಜ್ ಇಳಿಸೋ ಪ್ರೋಗ್ರಾಂ) ಹಾಕಿ ಏನೂ ಇಳಿಸೋಕಾಗಲ್ಲ. ಹಾಗಾಗಿ ಸದ್ಯಕ್ಕೆ ಝಡ್‌ಲಿಬ್ ಮತ್ತೆ ಝಡ್‌ಡಿಕ್ಟ್. ಯಾವ ವಿಧಾನದಲ್ಲಿ ಕಂಪ್ರೆಸ್ ಆಗಿದೆ ಅನ್ನೋದಕ್ಕೂ ಟೇಬಲ್‌ನಲ್ಲಿ ಒಂದು ಕಾಲಮ್ ಬಿಟ್ಟಿದೀನಿ, ಆ ಕಂಪ್ಯೂಟರುಗಳು ಬದಲಾದಾಗ ಹೊಸ ಲೇಖನಗಳನ್ನ ಝಡ್‌ಸ್ಟ್ಯಾಂಡರ್ಡ್‌ನಲ್ಲಿ ಹಾಕಿದ್ರೂ ಹಳೇವು ಹಾಗೇ ತೆರ್ಕೊಳತ್ವೆ.