ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ: ರೆಸ್ಯೂಮೆ ಬರೆಯುವುದು ಹೇಗೆ

ಮೊದಲೇ ಲ್ಯಾಪ್‌ಟಾಪ್ ತೆಗೆಯಬೇಡಿ. ಬೀರುವಿನ ಮೇಲೋ ಅಟ್ಟದಲ್ಲೋ ಇಟ್ಟಿರುವ ಹಳೇ ಫೈಲ್ ಕೆಳಗಿಳಿಸಿ. ಆಫರ್ ಲೆಟರ್, ರಿಲೀವಿಂಗ್ ಲೆಟರ್, ಇನ್‌ಕ್ರಿಮೆಂಟ್ ಲೆಟರ್, ಫಾರ್ಮ್ 16, ಸಂಬಳದ ಸ್ಲಿಪ್, ಏನೇನು ಸಿಗುತ್ತದೋ ಎಲ್ಲವನ್ನೂ ಹರಡಿಕೊಂಡು ಕೂತುಕೊಳ್ಳಿ. ರೆಸ್ಯೂಮೆ ಶುರುವಾಗುವುದು ಅಲ್ಲಿಂದ.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ 2009ರಿಂದ 2016ರವರೆಗೆ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಎರಡನೇ ಮಗು ಹುಟ್ಟಿದಾಗ ಬಿಟ್ಟೆ, 2023ರಲ್ಲಿ ಮತ್ತೆ ಕೆಲಸಕ್ಕೆ ಸೇರಿದೆ. ಆ ನಡುವೆ ಯಾರು ಕೇಳಿದರೂ "ಏನಿಲ್ಲ, ಮನೇಲೇ ಇದ್ದೀನಿ" ಅಂತ ಹೇಳಿ ಹೇಳಿ ನನಗೇ ಅದು ಪೂರ್ತಿ ನಿಜ ಅನ್ನಿಸಿಬಿಟ್ಟಿತ್ತು. ರೆಸ್ಯೂಮೆ ಬರೆಯಲು ಕೂತಾಗ ಗ್ಯಾಪ್ ಬಗ್ಗೆ ಏನು ಬರೆಯಲಿ ಅಂತ ತುಂಬಾ ಹೆದರಿಕೊಂಡಿದ್ದೆ. ನಿಜವಾಗಿ ಕೈ ನಿಂತಿದ್ದು ಬೇರೆ ಕಡೆ: ಅದಕ್ಕೂ ಮುಂಚೆ ಏಳು ವರ್ಷ ನಾನು ದಿನಾ ಬೆಳಗ್ಗೆ ಹೋಗಿ ಏನು ಕೆಲಸ ಮಾಡುತ್ತಿದ್ದೆ ಅನ್ನೋದೇ ನೆನಪಾಗಲಿಲ್ಲ. "ಅಕೌಂಟ್ಸ್ ಕೆಲಸ, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಗೊತ್ತು" ಎಂದು ಎರಡು ಸಾಲು ಬರೆದು ಸುಮಾರು ಮೂವತ್ತು ಕಡೆ ಕಳಿಸಿದೆ. ಒಂದೇ ಒಂದು ಫೋನ್ ಬರಲಿಲ್ಲ.

ಕೊನೆಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳಿಗೆ ಫೋನ್ ಮಾಡಿದೆ. ಅವಳು ಒಂದೇ ಉಸಿರಿಗೆ ಹೇಳಿದಳು, "ಪ್ರತಿ ತಿಂಗಳು 20ನೇ ತಾರೀಖಿನ ಒಳಗೆ ವ್ಯಾಟ್ 100 ರಿಟರ್ನ್ ಹಾಕ್ತಿದ್ದವಳು ನೀನೇ, ಲಾರಿ ಹೊರಡೋಕೆ ಮುಂಚೆ ಇ-ಸುಗಮ್ ತೆಗೀತಿದ್ದವಳು ನೀನೇ, ಆಡಿಟ್ ಟೈಮಲ್ಲಿ ಆಡಿಟರ್ ಮುಂದೆ ಕೂರ್ತಿದ್ದವಳೂ ನೀನೇ ಅಲ್ವಾ?" (ವ್ಯಾಟ್ ಅಂದರೆ ಜಿಎಸ್‌ಟಿಗಿಂತ ಮುಂಚೆ ಇದ್ದ ಮಾರಾಟ ತೆರಿಗೆ, ಇ-ಸುಗಮ್ ಅಂದರೆ ಸರಕು ಸಾಗಿಸಲು ಆಗ ಆನ್‌ಲೈನ್‌ನಲ್ಲಿ ತೆಗೆಯಬೇಕಿದ್ದ ಚೀಟಿ.) ಹೌದಲ್ಲ! ಇದ್ಯಾವುದೂ ನನ್ನ ರೆಸ್ಯೂಮೆಯಲ್ಲಿ ಇರಲಿಲ್ಲ.

ನೀವೂ ಹೀಗೇ ಮಾಡಿ. ಹಳೇ ಸಹೋದ್ಯೋಗಿ ಒಬ್ಬರಿಗೆ ಫೋನ್ ಮಾಡಿ, "ನಾನು ರಜೆ ಹಾಕಿದ ದಿನ ಯಾವ ಕೆಲಸ ನಿಲ್ತಿತ್ತು?" ಎಂದು ಕೇಳಿ. ಆ ಉತ್ತರವೇ ನಿಮ್ಮ ರೆಸ್ಯೂಮೆಯ ಮೊದಲ ಸಾಲು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಿರಿ: ತಿಂಗಳಿಗೆ ಎಷ್ಟು ಬಿಲ್, ಎಷ್ಟು ಜನರ ಸಂಬಳ, ಎಷ್ಟು ಸಪ್ಲೈಯರ್‌ಗಳು, ನಿಮ್ಮ ಕೈಕೆಳಗೆ ಎಷ್ಟು ಜನ. "ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ" ಅನ್ನೋದಕ್ಕೂ "ತಿಂಗಳಿಗೆ ಸುಮಾರು 400 ಬಿಲ್‌ಗಳ ಎಂಟ್ರಿ, 85 ಜನರ ಸಂಬಳ ಮತ್ತು ಪಿಎಫ್ ಲೆಕ್ಕ, ಏಳು ವರ್ಷದ ಆಡಿಟ್‌ಗೆ ದಾಖಲೆ ಸಿದ್ಧಪಡಿಸಿದ್ದು" ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅಂಕಿ ಸರಿಯಾಗಿ ನೆನಪಿಲ್ಲದಿದ್ದರೆ "ಸುಮಾರು" ಎಂದು ಹಾಕಿ, ಆದರೆ ಇಲ್ಲದ್ದನ್ನು ಹಾಕಬೇಡಿ. ಇಂಟರ್‌ವ್ಯೂನಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ.

ಈಗ ಗ್ಯಾಪ್ ವಿಷಯ. ಅದಕ್ಕೆ ಒಂದೇ ಸಾಲು ಸಾಕು. ಕೆಲಸದ ಪಟ್ಟಿಯಲ್ಲೇ, ಅದರ ಕಾಲಕ್ಕೆ ಸರಿಯಾದ ಜಾಗದಲ್ಲಿ, "2016 ಜುಲೈಯಿಂದ 2023 ಮೇವರೆಗೆ: ಮಕ್ಕಳ ಪಾಲನೆಗಾಗಿ ವಿರಾಮ" ಎಂದು ಬರೆದು ಮುಂದೆ ಹೋಗಿ. ಕ್ಷಮೆ ಕೇಳೋ ಥರ ಬರೆಯಬೇಡಿ, ಕಾರಣ ವಿವರಿಸಬೇಡಿ, ಅತ್ತೆಗೆ ಹುಷಾರಿರಲಿಲ್ಲ, ನೋಡಿಕೊಳ್ಳೋರು ಯಾರೂ ಇರಲಿಲ್ಲ ಅಂತೆಲ್ಲ ಹೇಳಬೇಕಾಗಿಲ್ಲ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಕರಿಯರ್ ಬ್ರೇಕ್ ಅಂತಲೇ ಹಾಕುವ ಅನುಕೂಲ ಇದೆ, ಅಲ್ಲೂ ಇದೇ ಸಾಲು ಹಾಕಿ. ಎರಡೂ ಕಡೆ ತಾರೀಖು ಒಂದೇ ಇರಲಿ.

ಕೆಲವರು ಇಸವಿಗಳನ್ನೇ ತೆಗೆದುಬಿಡಿ, ಗ್ಯಾಪ್ ಕಾಣಿಸೋದಿಲ್ಲ ಎಂದು ಸಲಹೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಸವಿ ಇಲ್ಲದ ರೆಸ್ಯೂಮೆ ನೋಡಿದ ತಕ್ಷಣ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಇನ್ನೂ ಕೆಟ್ಟದ್ದು ಅಂದರೆ ಹಳೇ ಕಂಪನಿಯಲ್ಲಿ ಇನ್ನೆರಡು ವರ್ಷ ಜಾಸ್ತಿ ಇದ್ದೆ ಎಂದು ಬರೆಯುವುದು. ಆಫರ್ ಕೊಟ್ಟ ಮೇಲೆ ಅನೇಕ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ, ಪಿಎಫ್ ದಾಖಲೆಯಲ್ಲಿ ನೀವು ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ನಿಮ್ಮ ಯುಎಎನ್ ನಂಬರ್ (ಪಿಎಫ್ ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆ) ಹುಡುಕಿಟ್ಟುಕೊಂಡು, ಪಿಎಫ್ ವೆಬ್‌ಸೈಟ್‌ನಲ್ಲಿ ಸರ್ವಿಸ್ ಹಿಸ್ಟರಿ ನೋಡಿ, ಅದರಲ್ಲಿರುವ ತಾರೀಖುಗಳನ್ನೇ ರೆಸ್ಯೂಮೆಗೆ ಹಾಕಿ. ಒಟ್ಟು ಅನುಭವ ಬರೆಯುವಾಗ ಕೆಲಸ ಮಾಡಿದ ವರ್ಷಗಳನ್ನು ಮಾತ್ರ ಎಣಿಸಿ. ನನ್ನದು ಏಳು ಅಂದರೆ ಏಳು.

ಮನೆ ನಡೆಸಿದ್ದನ್ನು ಕೆಲಸದ ಅನುಭವ ಅಂತ ಬರೆಯಬೇಕಾ? ಬಜೆಟ್ ನಿರ್ವಹಣೆ, ಸಮಯ ನಿರ್ವಹಣೆ, ಹೀಗೆ ಬರೆಯಿರಿ ಎಂದು ತುಂಬಾ ಜನ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಎರಡು ಮಕ್ಕಳನ್ನು ಸಾಕಿದ್ದು ಸಣ್ಣ ಕೆಲಸ ಅಂತ ಅಲ್ಲ, ನನಗೆ ಅದಕ್ಕಿಂತ ಕಷ್ಟದ ಕೆಲಸ ಯಾವುದೂ ಎದುರಾಗಿಲ್ಲ. ಆದರೆ ರೆಸ್ಯೂಮೆ ಓದುವವರು ತಮ್ಮ ಆಫೀಸಿನಲ್ಲಿ ಕೂತು ಕೆಲಸ ಮಾಡಬಲ್ಲವರನ್ನು ಹುಡುಕುತ್ತಿರುತ್ತಾರೆ, ಅವರಿಗೆ ಬೇಕಾದದ್ದು ಅದೊಂದೇ. ಮನೆಯ ಹೊರಗೆ ಏನಾದರೂ ಜವಾಬ್ದಾರಿ ಹೊತ್ತಿದ್ದರೆ ಅದನ್ನು ಮಾತ್ರ ಖಂಡಿತ ಬರೆಯಿರಿ. ನಾನು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಎರಡು ವರ್ಷ ಖಜಾಂಚಿ ಆಗಿದ್ದೆ, 64 ಮನೆಗಳ ಮೇಂಟೆನೆನ್ಸ್ ಲೆಕ್ಕ, ಲಿಫ್ಟ್ ಕಂಪನಿ ಜೊತೆ ಕಾಂಟ್ರಾಕ್ಟ್, ವರ್ಷದ ಕೊನೆಗೆ ಆಡಿಟ್. ಇದನ್ನು ಬರೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ! ಗಂಡನ ಅಂಗಡಿಯ ಬಿಲ್ಲಿಂಗ್, ಮನೆಯಲ್ಲಿ ಹೇಳಿಕೊಟ್ಟ ಟ್ಯೂಷನ್, ಸ್ವಸಹಾಯ ಸಂಘದ ಪುಸ್ತಕ ಬರೆದದ್ದು, ಆರ್ಡರ್ ತಗೊಂಡು ಮಾಡಿದ ಟೈಲರಿಂಗ್, ಇವೆಲ್ಲ ಕೆಲಸವೇ. ಸಂಬಳ ಬರಲಿಲ್ಲ ಅನ್ನೋ ಕಾರಣಕ್ಕೆ ಬಿಡಬೇಡಿ. ಹುದ್ದೆ, ಅವಧಿ, ಅಂಕಿ ಹಾಕಿ, ವಿರಾಮದ ಸಾಲಿನ ಕೆಳಗೇ ಬರೆಯಿರಿ.

ಬಿಟ್ಟಾಗಿನಿಂದ ಇಲ್ಲಿಯವರೆಗೆ ನಿಮ್ಮ ಕೆಲಸದಲ್ಲಿ ಏನು ಬದಲಾಗಿದೆ ಅನ್ನೋದನ್ನೂ ನೋಡಬೇಕು. ನನ್ನ ವಿಷಯದಲ್ಲಂತೂ ಎಲ್ಲವೂ ಬದಲಾಗಿತ್ತು. ನಾನು ಬಿಟ್ಟ ಮರುವರ್ಷ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್‌ನಿಂದ ಇ-ಸುಗಮ್ ಜಾಗಕ್ಕೆ ಇ-ವೇ ಬಿಲ್. 2020ರಲ್ಲಿ ಟ್ಯಾಲಿ ಇಆರ್‌ಪಿ 9 ಹೋಗಿ ಟ್ಯಾಲಿ ಪ್ರೈಮ್ ಬಂತು. ವ್ಯಾಟ್ ಮಾತ್ರ ಗೊತ್ತು ಎಂದು ಬರೆದಿದ್ದರೆ ಯಾರೂ ಕರೆಯುತ್ತಿರಲಿಲ್ಲ, ಅದು ನ್ಯಾಯವೇ. ಟ್ಯಾಲಿ ಪ್ರೈಮ್‌ನ ಎಜುಕೇಷನಲ್ ಮೋಡ್ ದುಡ್ಡಿಲ್ಲದೆ ಸಿಗುತ್ತದೆ. ತಿಂಗಳ ಕೆಲವೇ ತಾರೀಖುಗಳಲ್ಲಿ ಎಂಟ್ರಿ ಹಾಕಬಹುದು ಅನ್ನೋದು ಬಿಟ್ಟರೆ ಅಭ್ಯಾಸಕ್ಕೆ ಏನೂ ತೊಂದರೆ ಇಲ್ಲ. ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದು ದಿನಾ ಎರಡು ಗಂಟೆ ಕೂತೆ. ಪರಿಚಯದ ಆಡಿಟರ್ ಒಬ್ಬರ ಆಫೀಸಿನಲ್ಲಿ ಎರಡು ತಿಂಗಳು ಅರ್ಧ ದಿನ ಹೋಗಿ ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಹಾಕುವುದನ್ನು ಕೈಯಾರೆ ಕಲಿತೆ. ರೆಸ್ಯೂಮೆಯಲ್ಲಿ ಆ ಎರಡು ತಿಂಗಳು ನನ್ನ ಮೊದಲಿನ ಏಳು ವರ್ಷಕ್ಕಿಂತ ಮೇಲೆ ಬಂದವು, ಏಕೆಂದರೆ ಪಟ್ಟಿ ಇತ್ತೀಚಿನದರಿಂದ ಶುರುವಾಗಬೇಕು. ನನಗೆ ಫೋನ್ ಬರಲು ಶುರುವಾಗಿದ್ದು ಅದಾದ ಮೇಲೆಯೇ.

ಬೇರೆ ಕೆಲಸದವರಿಗೂ ಇದೇ ಲೆಕ್ಕ. ಟೀಚರ್ ಆಗಿದ್ದವರು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಸರ್ಟಿಫಿಕೇಟ್ ಹಳೆಯದಾಯಿತು ಎಂದು ಎಸೆಯಬೇಡಿ. ಅದಕ್ಕೆ ಮೊದಲು ಏಳು ವರ್ಷದ ಮಿತಿ ಇತ್ತು, 2021ರಲ್ಲಿ ಅದನ್ನು ಜೀವನಪೂರ್ತಿ ಎಂದು ಮಾಡಿದರು, 2011ರಿಂದ ಪಾಸಾದವರಿಗೂ ಅದು ಅನ್ವಯಿಸುತ್ತದೆ. ಐಟಿಯವರು ಈಗ ಯಾರೂ ಬಳಸದ ಟೂಲ್‌ಗಳನ್ನು ತೆಗೆದು, ಹೊಸದಾಗಿ ಕಲಿತ ಒಂದೆರಡನ್ನು ಹಾಕಿ. ಸ್ವಯಂ, ಎನ್‌ಪಿಟಿಇಎಲ್ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ತಾಣಗಳ ಕೋರ್ಸ್‌ಗಳನ್ನು ಉಚಿತವಾಗಿ ಕಲಿಯಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀಸ್. ಹತ್ತು ಸರ್ಟಿಫಿಕೇಟ್ ಬೇಡ, ನೀವು ಅರ್ಜಿ ಹಾಕುವ ಕೆಲಸಕ್ಕೆ ಹತ್ತಿರವಾದದ್ದು ಒಂದಿದ್ದರೆ ಸಾಕು.

ನಾವು ಕಾಲೇಜು ಬಿಟ್ಟಾಗ ಬರೆಯುತ್ತಿದ್ದ ಬಯೋಡೇಟಾ ನೆನಪಿದೆಯಲ್ಲ, ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ, ಕೊನೆಯಲ್ಲಿ "ಮೇಲೆ ಹೇಳಿದ್ದೆಲ್ಲ ಸತ್ಯ" ಎಂದು ಸಹಿ. ಅದೆಲ್ಲ ಈಗ ಬೇಡ, ಫೋಟೋನೂ ಬೇಡ. ಗಂಡನ ಹೆಸರು, ಮಕ್ಕಳ ಸಂಖ್ಯೆ, ವಯಸ್ಸು ಯಾವುದನ್ನೂ ಹಾಕಬೇಡಿ. ಒಂದು ಕಡೆ ಇಂಟರ್‌ವ್ಯೂನಲ್ಲಿ ಮೊದಲ ಹತ್ತು ನಿಮಿಷ ನನ್ನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದರಲ್ಲೇ ಕಳೆಯಿತು, ಕೆಲಸದ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ತುಂಬಾ ಬೇಜಾರಾಯಿತು. ಆ ಪ್ರಶ್ನೆಗೆ ನಮ್ಮ ಕೈಯಾರೆ ನಾವೇ ದಾರಿ ಮಾಡಿಕೊಡೋದು ಬೇಡ. ಭಾಷೆಗಳನ್ನು ಮಾತ್ರ ಬಿಡಬೇಡಿ. ಕನ್ನಡದ ಜೊತೆ ತೆಲುಗೋ ತಮಿಳೋ ಹಿಂದಿಯೋ ಬಂದರೆ, ಸಪ್ಲೈಯರ್‌ಗಳ ಜೊತೆ, ಗಿರಾಕಿಗಳ ಜೊತೆ ಮಾತಾಡುವ ಕೆಲಸಕ್ಕೆ ಅದು ನಿಜಕ್ಕೂ ಬೇಕು.

ಹೆಸರಿನ ವಿಷಯ ಒಂದಿದೆ. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪ್ಯಾನ್‌ನಲ್ಲಿ ಇನ್ನೇನೋ. ರೆಸ್ಯೂಮೆಯಲ್ಲಿ ಪ್ಯಾನ್ ಕಾರ್ಡಿನಲ್ಲಿರುವ ಹೆಸರು ಹಾಕಿ, ಸಂಬಳದ ತೆರಿಗೆ ಲೆಕ್ಕಕ್ಕೆ ಅದೇ ಬೇಕಾಗುತ್ತದೆ, ಪಿಎಫ್‌ಗೆ ಆಧಾರ್‌ನಲ್ಲಿರುವ ಹೆಸರು ಹೊಂದಬೇಕು. ಬೇರೆ ಬೇರೆ ಇದ್ದರೆ ಸರಿಪಡಿಸುವ ಕೆಲಸವನ್ನು ಈಗಲೇ ಶುರು ಮಾಡಿ, ಆಫರ್ ಬಂದ ಮೇಲೆ ಓಡಾಡೋದು ಕಷ್ಟ.

ರೂಪದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪುಟ ಮೀರದಿರಲಿ. ಬಣ್ಣ, ಎರಡು ಕಾಲಂ, ಬಾಕ್ಸ್, ಸ್ಟಾರ್ ಗುರುತು ಇರುವ ಟೆಂಪ್ಲೇಟ್ ಬೇಡ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಸಾಫ್ಟ್‌ವೇರ್ ಓದುತ್ತದೆ, ಅಂಥ ಬಾಕ್ಸ್‌ಗಳಲ್ಲಿ ಇರೋದು ಅದಕ್ಕೆ ಎಷ್ಟೋ ಸಲ ಸರಿಯಾಗಿ ಸಿಗೋದಿಲ್ಲ. ಕೆಲಸದ ಜಾಹೀರಾತಿನಲ್ಲಿ ಬಳಸಿದ ಪದಗಳನ್ನೇ, ನಿಮಗೆ ನಿಜವಾಗಿ ಗೊತ್ತಿದ್ದರೆ, ನೀವೂ ಬಳಸಿ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರು ಕೊಡಿ. ಕಳಿಸುವ ಮುಂಚೆ ನಿಮ್ಮ ವಾಟ್ಸಾಪ್‌ಗೇ ಹಾಕಿಕೊಂಡು ಫೋನಿನಲ್ಲಿ ತೆರೆದು ನೋಡಿ.

ಎಲ್ಲಿಗೆ ಕಳಿಸೋದು? ನೌಕ್ರಿ, ಲಿಂಕ್ಡ್‌ಇನ್ ಇದ್ದೇ ಇವೆ. ಬೆಂಗಳೂರಿನಲ್ಲಿ 2015ರಲ್ಲಿ ಜಾಬ್ಸ್‌ಫಾರ್‌ಹರ್ ಎಂದು ಶುರುವಾಗಿ ಈಗ ಹರ್‌ಕೀ ಆಗಿರುವ ತಾಣ ನಮ್ಮಂಥವರಿಗಾಗಿಯೇ ಇದೆ. ಟಾಟಾ ಸಮೂಹ 2008ರಲ್ಲೇ ವಿರಾಮ ತೆಗೆದುಕೊಂಡ ಹೆಂಗಸರಿಗಾಗಿ ಎರಡನೇ ವೃತ್ತಿಯ ಇಂಟರ್ನ್‌ಶಿಪ್ ಶುರು ಮಾಡಿತು, ಆಮೇಲೆ ಬೇರೆ ಕಂಪನಿಗಳೂ ರಿಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಇಂಥದ್ದನ್ನು ತಂದಿವೆ. ಅಲ್ಲಿ ಗ್ಯಾಪ್ ಇರೋದೇ ಅರ್ಹತೆ, ಆದ್ದರಿಂದ ವಿರಾಮದ ಸಾಲು ಎದ್ದು ಕಾಣುವಂತಿರಲಿ. ಆದರೆ ನನಗೆ ಕೆಲಸ ಸಿಕ್ಕಿದ್ದು ಇದ್ಯಾವುದರಿಂದಲೂ ಅಲ್ಲ. ನಾನು ಜಿಎಸ್‌ಟಿ ಕಲಿತ ಆ ಆಡಿಟರ್ ತಮ್ಮ ಕ್ಲೈಂಟ್ ಒಬ್ಬರಿಗೆ ನನ್ನ ರೆಸ್ಯೂಮೆ ಕಳಿಸಿದರು. ಪರಿಚಯದವರಿಗೆ ಕಳಿಸಲು ಸಂಕೋಚ ಬೇಡ.

ರೆಸ್ಯೂಮೆಯ ಒಂದು ಪ್ರಿಂಟ್ ತೆಗೆದು ಫ್ರಿಜ್ ಮೇಲೋ ಫೋನ್ ಚಾರ್ಜ್ ಮಾಡುವ ಜಾಗದಲ್ಲೋ ಇಟ್ಟಿರಿ. ಎಚ್‌ಆರ್‌ನವರ ಫೋನ್ ಬರೋದು ಸಾಮಾನ್ಯವಾಗಿ ಮಕ್ಕಳು ಮನೆಗೆ ಬರುವ ಹೊತ್ತಿಗೇ. ಗಲಾಟೆಯಲ್ಲಿ ಮಾತಾಡಲು ಹೋಗಬೇಡಿ, "ನಾಳೆ ಬೆಳಗ್ಗೆ 11 ಗಂಟೆಗೆ ಮಾತಾಡಬಹುದಾ?" ಎಂದು ನೇರವಾಗಿ ಕೇಳಿ. ಈಗ ನಾನಿರುವ ಆಫೀಸಿನವರು ಮೊದಲ ಸಲ ಫೋನ್ ಮಾಡಿದಾಗ ನಾನೂ ಹಾಗೇ ಕೇಳಿದ್ದೆ. ಸರಿ ಅಂದರು, 11ಕ್ಕೆ ಸರಿಯಾಗಿ ಮತ್ತೆ ಫೋನ್ ಮಾಡಿದರು.