ಮೊದಲು ನಿಕಾಹ್‌ನಾಮಾ ತನ್ನಿ

ಮುಸ್ಲಿಂ ಹೆಣ್ಣುಮಕ್ಕಳಿಗೆ ಕಾನೂನಿನ ಪಾಠ ಮಾಡುತ್ತೇನೆ ಎಂದ ಕೂಡಲೇ ಎದುರಿಗಿದ್ದವರು ಕೇಳುವುದು, ‘ತ್ರಿವಳಿ ತಲಾಖ್ ಬಗ್ಗೆ ತಾನೇ?’ ಟಿವಿ ನೋಡಿದವರಿಗೆಲ್ಲ ನಮ್ಮ ಹೆಂಗಸರ ಕಷ್ಟ ಅದೊಂದೇ ಅನ್ನಿಸಿಬಿಟ್ಟಿದೆ. ನನ್ನ ಮುಂದೆ ಕೂರುವವರು ಆ ಮಾತು ಎತ್ತುವುದು ಕಡಿಮೆ. ಗಂಡ ಖರ್ಚಿಗೆ ಕೊಡುತ್ತಿಲ್ಲ, ಅಪ್ಪನ ಮನೆ ಅಣ್ಣನ ಹೆಸರಿಗೆ ಹೋಗಿದೆ, ಮದುವೆಯಲ್ಲಿ ತವರಿನವರು ಕೊಟ್ಟ ಜಹೇಜಿನ ಬೀರು ವಾಪಸ್ ಬರುತ್ತದಾ, ಈ ಸ್ಟಾಂಪ್ ಪೇಪರಿನಲ್ಲಿ ಏನು ಬರೆದಿದ್ದಾರೆ ಓದಿ ಹೇಳಿ ಆಪಾ. ಇವು ಅವರ ಪ್ರಶ್ನೆಗಳು. ಹಾಗಾಗಿ ನಾನು ಕಾಯ್ದೆಯ ಹೆಸರಿನಿಂದ ಶುರು ಮಾಡುವುದಿಲ್ಲ, ಮನೆಯಲ್ಲಿರುವ ಕಾಗದದಿಂದ ಶುರು ಮಾಡುತ್ತೇನೆ.

ನಾನು ದಾವಣಗೆರೆಯಲ್ಲಿ ವಕೀಲೆ. ಆಜಾದ್ ನಗರ, ಬಾಷಾ ನಗರ, ಮಂಡಕ್ಕಿ ಭಟ್ಟಿಗಳ ಕಡೆಯ ಗಲ್ಲಿಗಳಲ್ಲಿ ಹಲವು ವರ್ಷಗಳಿಂದ ಹೆಂಗಸರ ಜೊತೆ ಕೂತು ಮಾತಾಡುತ್ತಾ ಬಂದಿದ್ದೇನೆ. ಮೈಕು, ಬ್ಯಾನರು, ಶಾಲು ಹೊದಿಸುವ ‘ಕಾನೂನು ಅರಿವು’ ಕಾರ್ಯಕ್ರಮಗಳನ್ನೂ ಕಂಡಿದ್ದೇನೆ. ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರು ಗಂಡಸರು. ಯಾರದಾದರೂ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಜೊಹರ್ ನಮಾಜ್ ಮುಗಿದು ಮಕ್ಕಳು ಶಾಲೆಯಿಂದ ಬರುವ ಮುಂಚೆ ಕೂತರೆ ಮಾತು ಬರುತ್ತದೆ. ತೊಡೆಯ ಮೇಲೆ ಮೊರ, ಕೈಯಲ್ಲಿ ಬೀಡಿ ಎಲೆ. ಕೈಗೆ ಕೆಲಸ ಇದ್ದರೆ ನೆಲ ನೋಡಿಕೊಂಡೇ ಹೇಳಬೇಕಾದ್ದನ್ನು ಹೇಳಿಬಿಡಬಹುದು, ಯಾರ ಮುಖವನ್ನೂ ನೋಡಬೇಕಿಲ್ಲ.

ಮೊದಲ ದಿನ ಒಂದೇ ಮನೆಗೆಲಸ ಕೊಡುತ್ತೇನೆ: ನಿಮ್ಮ ಮದುವೆಯ ಕರಾರು ಪತ್ರ, ಅಂದರೆ ನಿಕಾಹ್‌ನಾಮಾ ತನ್ನಿ. ಹೆಚ್ಚಿನವರ ಬಳಿ ಇರುವುದಿಲ್ಲ. ಅಪ್ಪನ ಟ್ರಂಕಿನಲ್ಲೋ ಗಂಡನ ಬೀರುವಿನಲ್ಲೋ ಇರುತ್ತದೆ. ಇಲ್ಲದಿದ್ದರೆ ನಿಕಾಹ್ ಓದಿಸಿದ ಖಾಜಿಯ ರಿಜಿಸ್ಟರಿನಲ್ಲಿ, ಜಮಾತಿನ ದಫ್ತರದಲ್ಲಿ ನಕಲು ಸಿಗುತ್ತದೆ, ಹೋಗಿ ಕೇಳಬೇಕು. ಕೇಳಲು ಹೋಗುವುದೇ ಅರ್ಧ ಪಾಠ. ತಂದ ಮೇಲೆ ಮದುವೆಗಾಗಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಮಹರ್ ಎಷ್ಟು, ತಕ್ಷಣ ಕೊಡುವುದೋ ಆಮೇಲೆ ಕೊಡುವುದೋ, ಸಾಕ್ಷಿಗಳು ಯಾರು ಎಂದು ಒಬ್ಬೊಬ್ಬರದ್ದೂ ಓದುತ್ತೇವೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೂ ತಮ್ಮ ಮಹರ್ ಎಷ್ಟೆಂದು ಗೊತ್ತಿರುವುದಿಲ್ಲ.

ಮಹರ್ ಅಂದರೆ ಸಾಲ. ಗಂಡ ಹೆಂಡತಿಗೆ ಕೊಡಬೇಕಾದ ಸಾಲ. ನಮ್ಮಲ್ಲಿ ಜನಾಜಾ ಎತ್ತುವ ಹೊತ್ತಿಗೆ, ‘ಮಹರ್ ಮಾಫ್ ಮಾಡಮ್ಮಾ, ಅವನಿಗೆ ಭಾರ ಆಗದಿರಲಿ’ ಎಂದು ಹೆಣದ ಮುಂದೆ ಕೂತವಳ ಬಾಯಿಂದ ಹೇಳಿಸುವವರಿದ್ದಾರೆ. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಸತ್ತವನ ಆಸ್ತಿ ಹಂಚುವ ಮುಂಚೆ ಅವನ ಸಾಲ ತೀರಬೇಕು, ಆ ಸಾಲದಲ್ಲಿ ಮಹರ್ ಕೂಡ ಸೇರಿದೆ. ತಲಾಖ್ ಆದ ಅಥವಾ ಗಂಡ ತೀರಿಕೊಂಡ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು ಎನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಳು ಮುಗಿಯುವುದರೊಳಗೆ ಆ ಗಡುವು ಮುಗಿದುಹೋದವರನ್ನು ನೋಡಿದ್ದೇನೆ.

ಮದುವೆಯಾಗದ ಮಗಳಿರುವ ತಾಯಂದಿರಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತದೆ. ಮಹರನ್ನು ರೂಪಾಯಿಯಲ್ಲಿ ಬರೆಸಬೇಡಿ, ಚಿನ್ನದ ಗ್ರಾಂನಲ್ಲಿ ಬರೆಸಿ ಎನ್ನುತ್ತೇನೆ. ನಿಕಾಹ್ ಒಂದು ಕರಾರು, ಅದರಲ್ಲಿ ಷರತ್ತು ಹಾಕಬಹುದು. ಇಂಥ ಸಂದರ್ಭ ಬಂದರೆ ತಲಾಖಿನ ಅಧಿಕಾರ ಹೆಂಡತಿಗೆ ಎಂದು ಬರೆಸಲೂ ಬರುತ್ತದೆ, ಅದಕ್ಕೆ ತಲಾಖ್-ಎ-ತಫ್ವೀಜ್ ಎನ್ನುತ್ತಾರೆ. ‘ಮದುವೆ ದಿನವೇ ತಲಾಖಿನ ಮಾತಾ, ಬೀಗರು ಎದ್ದು ಹೋಗ್ತಾರೆ’ ಎನ್ನುತ್ತಾರೆ. ನಿಜ, ಹೋಗುವವರು ಹೋಗುತ್ತಾರೆ. ಹಾಗಾಗಿ ಬರೆಸಿದವರು ಬಹಳ ಇಲ್ಲ. ಚಿನ್ನದ ಮಾತು ಮಾತ್ರ ಕೆಲವು ಮನೆಗಳಲ್ಲಿ ಕೆಲಸ ಮಾಡಿದೆ.

ಆಸ್ತಿಯ ಪಾಠಕ್ಕೆ ಬೀಡಿಗಳೇ ಸಾಕು. 32 ಬೀಡಿ ಎಣಿಸಿ ಮಧ್ಯೆ ಇಡುತ್ತೇನೆ. ಸಾಲ, ಮಹರ್ ಎಲ್ಲ ತೀರಿ ಉಳಿದ ಆಸ್ತಿ ಇದು. ತೀರಿಕೊಂಡವನಿಗೆ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ತಂದೆ ತಾಯಿ ಇಲ್ಲ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, ಅಂದರೆ 4. ಉಳಿದ 28ರಲ್ಲಿ ಮಗನಿಗೆ ಎರಡು ಪಾಲು, ಒಬ್ಬೊಬ್ಬ ಮಗಳಿಗೆ ಒಂದೊಂದು ಪಾಲು. ಮಗನಿಗೆ 14, ಹೆಣ್ಣುಮಕ್ಕಳಿಗೆ 7, 7. ಬೀಡಿ ಸರಿಸಿ ತೋರಿಸಿದಾಗ ಒಮ್ಮೆ ಒಬ್ಬಾಕೆ ಕೇಳಿಯೇಬಿಟ್ಟಳು, ‘ಹಾಸಿಗೆ ಹಿಡಿದ ಅಬ್ಬಾನ ಬಟ್ಟೆ ಒಗೆದವಳು ನಾನು. ಅವನಿಗೆ ಹದಿನಾಲ್ಕು, ನನಗೆ ಏಳಾ?’ ನಾನು ಜಾರಿಕೊಳ್ಳಲಿಲ್ಲ. ಈಗಿರುವ ಕಾನೂನು ಹಾಗೇ ಇದೆ. ಅಪ್ಪ ಬದುಕಿರುವಾಗ ಹಿಬಾ, ಅಂದರೆ ದಾನ, ಮಾಡಿ ಮಗಳಿಗೆ ಕೊಡಬಹುದು, ಕೊಟ್ಟದ್ದನ್ನು ಅವಳ ವಶಕ್ಕೆ ಬಿಡಲೂಬೇಕು. ಉಯಿಲಿನಲ್ಲಾದರೆ ಮೂರನೇ ಒಂದಕ್ಕಿಂತ ಹೆಚ್ಚು ಬರೆಯುವಂತಿಲ್ಲ, ಅದರಲ್ಲೂ ವಾರಸುದಾರರಿಗೆ ಬರೆದರೆ ಉಳಿದ ವಾರಸುದಾರರು ಒಪ್ಪಬೇಕು. ಆದರೆ ಆಕೆಗೆ ನಾನು ಹೇಳಿದ ಮುಖ್ಯ ಮಾತು ಬೇರೆ: ನಿನಗೆ ಆ ಏಳೂ ಬಂದಿಲ್ಲವಲ್ಲ!

ಬರದಿರುವುದು ಹೇಗೆ? ವಂಶವೃಕ್ಷಕ್ಕೆ ಅರ್ಜಿ ಕೊಡುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿರುತ್ತಾರೆ. ಇಲ್ಲವೇ ರಂಜಾನಿಗೆ ತವರಿಗೆ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ, ಮೇಲೊಂದು ಸೀರೆ. ಷರೀಅತ್ ಎಂದು ಮೈಕಿನಲ್ಲಿ ಕೂಗುವವರಿಗೂ ಹೆಣ್ಣಿನ ಪಾಲಿನ ವಿಷಯ ಬಂದಾಗ ಊರ ವಾಡಿಕೆ ನೆನಪಾಗುತ್ತದೆ. ಈ ಚಾಳಿ ಯಾವ ಒಂದು ಧರ್ಮದವರದ್ದೂ ಅಲ್ಲ ಬಿಡಿ. ಓದಿಸದೆ ಸಹಿ ಹಾಕಬೇಡಿ, ಕಾಗದದ ಫೋಟೊ ತೆಗೆದು ಕಳಿಸಿ ಎಂದು ಹೇಳಿಟ್ಟಿದ್ದೇನೆ. ಹಬ್ಬದ ವಾರ ನನ್ನ ಫೋನಿಗೆ ಬರುವ ಫೋಟೊಗಳಲ್ಲಿ ಬಿರಿಯಾನಿಗಿಂತ ಸ್ಟಾಂಪ್ ಪೇಪರೇ ಹೆಚ್ಚು.

ಮಸೀದಿಯ ಹಜ್ರತ್ ಒಬ್ಬರು ಶುರುವಿನಲ್ಲಿ ನನ್ನನ್ನು ಕರೆಸಿ, ‘ನೀವು ದೀನ್‌ಗೆ ವಿರುದ್ಧ ಹೇಳಿಕೊಡ್ತಿದ್ದೀರಂತೆ’ ಎಂದರು. ಕುರಾನಿನ ಸೂರೆ ನಿಸಾ ಅಧ್ಯಾಯ ತೆಗೆದು ಮಾತಾಡಿದೆ. ಮಹರನ್ನು ಮನಸಾರೆ ಕೊಡಿ ಎಂದಿರುವುದು ಅಲ್ಲೇ. ಜಗಳವಾದರೆ ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರು ಕೂರಲಿ ಎಂದಿರುವುದೂ ಅಲ್ಲೇ. ಸುಪ್ರೀಂ ಕೋರ್ಟ್ 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ತಲಾಖಿಗೆ ತಕ್ಕ ಕಾರಣ ಬೇಕು, ಅದಕ್ಕೆ ಮುಂಚೆ ರಾಜಿಯ ಪ್ರಯತ್ನ ಆಗಿರಬೇಕು ಎಂದಿತಲ್ಲ, ಅದು ಈ ಮಾತಿನ ಮೇಲೆಯೇ ನಿಂತಿದೆ. ಹಜ್ರತ್ ಈಗ ಅಡ್ಡ ಬರುವುದಿಲ್ಲ. ಆದರೂ ನನ್ನ ಪಾಠವನ್ನು ಕುರಾನಿನ ಆಧಾರದ ಮೇಲೆ ಮಾತ್ರ ಕಟ್ಟಲು ನನಗಿಷ್ಟವಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ನಮಾಜ್ ಮಾಡುವವಳಿಗೂ ಮಾಡದವಳಿಗೂ ಒಂದೇ. ಹೊಡೆತ ತಪ್ಪಿಸಲು, ಇದ್ದ ಮನೆಯಲ್ಲೇ ಇರಲು, ಜಹೇಜು ವಾಪಸ್ ಪಡೆಯಲು ಅದರಲ್ಲಿ ದಾರಿ ಇದೆ. ಅಂಗನವಾಡಿಗಳ ಮೇಲಿನ ಅಧಿಕಾರಿಯಾದ ಸಿಡಿಪಿಓ ಅವರೇ ನಮ್ಮ ರಾಜ್ಯದಲ್ಲಿ ಆ ಕಾಯ್ದೆಯ ಸಂರಕ್ಷಣಾಧಿಕಾರಿ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹೆದರುವವರು ಸಿಡಿಪಿಓ ಕಚೇರಿಗೆ ಸಲೀಸಾಗಿ ಹೋಗುತ್ತಾರೆ.

ಇನ್ನು ತಲಾಖ್. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು, 2019ರ ಕಾಯ್ದೆ ಅದನ್ನು 3 ವರ್ಷದವರೆಗೆ ಜೈಲಾಗಬಲ್ಲ ಅಪರಾಧ ಮಾಡಿತು. ವಾಟ್ಸ್ಆ್ಯಪ್‌ನಲ್ಲಿ ಬಂದ ವಾಯ್ಸ್ ಮೆಸೇಜ್ ಅಳಿಸಬೇಡಿ, ದೂರು ಕೊಡುವುದು ನೀವು ಅಥವಾ ನಿಮ್ಮ ನೆಂಟರು ಮಾತ್ರ, ರಾಜಿಯಾಗುವುದಿದ್ದರೂ ನಿಮ್ಮ ಇಚ್ಛೆಯಿಂದಲೇ ಎಂದು ಹೇಳುತ್ತೇನೆ. ಜೈಲಿನ ಅಂಶದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಒಳಗೆ ಹೋದವನು ದುಡಿಯುವುದಿಲ್ಲ, ಇವಳಿಗೆ ಬೇಕಾಗಿರುವುದು ತಿಂಗಳ ಖರ್ಚು. ಕೆಲವು ಗಂಡಂದಿರು ಈಗ ಇನ್ನೊಂದು ಉಪಾಯ ಕಂಡುಕೊಂಡಿದ್ದಾರೆ: ತಲಾಖ್ ಹೇಳುವುದೇ ಇಲ್ಲ, ಸುಮ್ಮನೆ ಬಿಟ್ಟು ಬೇರೆ ಊರಲ್ಲಿ ಇನ್ನೊಂದು ಸಂಸಾರ ಹೂಡುತ್ತಾರೆ. ಇವಳು ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯೂ ಇಲ್ಲ.

ಅಂಥವರಿಗಾಗಿ 1939ರಷ್ಟು ಹಳೆಯ ಕಾಯ್ದೆ ಇದೆ ಎಂದರೆ ನಂಬುವುದಿಲ್ಲ. ಗಂಡ 2 ವರ್ಷ ಜೀವನಾಂಶ ಕೊಡದಿದ್ದರೆ, 4 ವರ್ಷ ಎಲ್ಲಿದ್ದಾನೆಂದೇ ಗೊತ್ತಿಲ್ಲದಿದ್ದರೆ, ಹಿಂಸೆ ಕೊಟ್ಟರೆ ಹೆಂಡತಿಯೇ ಕೋರ್ಟಿನಿಂದ ವಿವಾಹ ರದ್ದು ಪಡೆಯಬಹುದು. ಅದಕ್ಕೆ ಅವನ ಒಪ್ಪಿಗೆ ಬೇಡ. ಹೆಂಡತಿಯೇ ಬಿಡುಗಡೆ ಕೇಳುವ ಖುಲಾಕ್ಕೆ ಹೋದವರನ್ನು ಗಂಡನ ಕಡೆಯವರು ಸತಾಯಿಸಿ, ಕೊನೆಗೆ ‘ಮಹರ್, ಇದ್ದತ್ ಖರ್ಚು, ಸಾಮಾನು ಎಲ್ಲ ಮುಟ್ಟಿದೆ, ಮುಂದೆ ಏನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುತ್ತಾರೆ. ಇದ್ದತ್ ಅಂದರೆ ಮದುವೆ ಮುರಿದ ಮೇಲೆ ಹೆಂಡತಿ ಮರುಮದುವೆಯಾಗದೆ ಕಾಯುವ ಅವಧಿ. ಕೈಗೆ ಬಂದಿರುವುದು ಸೊನ್ನೆ. ಆ ಒಂದು ಸಾಲಿಗೆ ಸಹಿ ಹಾಕುವ ಮುಂಚೆ 1939ರ ದಾರಿಯನ್ನೂ ಯೋಚಿಸಿ ಎನ್ನುತ್ತೇನೆ. ಎರಡನೇ ಮದುವೆ ಮುಸ್ಲಿಂ ಗಂಡಸಿಗೆ ಕಾನೂನಿನಲ್ಲಿ ಇರಬಹುದು, ಆದರೆ ಮೊದಲ ಹೆಂಡತಿಗೆ ಅದು ಕ್ರೌರ್ಯವೇ ಎಂದು ನಮ್ಮ ಹೈಕೋರ್ಟಿನ ಕಲಬುರಗಿ ಪೀಠ 2020ರಲ್ಲಿ ಹೇಳಿದ್ದು ಇಂಥ ದಾವೆಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಜೀವನಾಂಶದಲ್ಲಂತೂ ಗೊಂದಲವೋ ಗೊಂದಲ. ಇದ್ದತ್ತಿನ ಮೂರು ತಿಂಗಳಿಗೆ ಎಲ್ಲ ಮುಗಿಯಿತು ಎಂದೇ ಹಿರಿಯರೂ ಹೇಳುತ್ತಾರೆ. ಇದ್ದತ್ತಿನೊಳಗೆ ಅವಳ ಮುಂದಿನ ಬದುಕಿಗೂ ಆಗುವಷ್ಟು ಕೊಡಬೇಕು ಎಂದು ಡೇನಿಯಲ್ ಲತೀಫಿ ತೀರ್ಪು 2001ರಲ್ಲೇ ಹೇಳಿದೆ. ತಲಾಖ್ ಆದ ಮುಸ್ಲಿಂ ಹೆಂಗಸೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಮತ್ತೆ ಸ್ಪಷ್ಟಪಡಿಸಿದೆ. ಅದೇ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಹೆಂಗಸರಿಗೆ ಹೆಚ್ಚು ನಾಟುವುದು ಬೆಂಗಳೂರಿನ ಒಂದು ಪ್ರಕರಣ: 1991ರಲ್ಲಿ 5,000 ರೂಪಾಯಿ ಮಹರಿನ ಮದುವೆ ಮುರಿದು ಕೈತೊಳೆದುಕೊಂಡವನಿಗೆ, ಅಷ್ಟಕ್ಕೇ ನಿನ್ನ ಹೊಣೆ ಮುಗಿಯಲಿಲ್ಲ ಎಂದು ನಮ್ಮ ಹೈಕೋರ್ಟ್ 2021ರಲ್ಲಿ ಹೇಳಿತು. ‘ಮೂವತ್ತು ವರ್ಷ ಆಪಾ!’ ಎಂದು ಬಾಯಿ ತೆರೆಯುತ್ತಾರೆ. ಆ ಬೆರಗಿನಲ್ಲಿ ಮೆಚ್ಚುಗೆಯೂ ಇರುತ್ತದೆ, ಕೋರ್ಟಿನ ದಾರಿ ಎಷ್ಟು ಉದ್ದ ಎಂಬ ಭಯವೂ ಇರುತ್ತದೆ.

ವಕೀಲರ ಫೀಸಿನ ಭಯಕ್ಕೆ ಉತ್ತರ ಸುಲಭ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಜೀವನಾಂಶದ ಆದೇಶ ಕೈಗೆ ಬಂದ ಮೇಲಿನ ವಿಷಯವನ್ನು ಹೇಳಿಕೊಡುವವರು ಕಡಿಮೆ, ಅದಕ್ಕೇ ನಾನು ಆ ಭಾಗವನ್ನು ನಿಧಾನಕ್ಕೆ ಹೇಳುತ್ತೇನೆ. ಗಂಡ ಎರಡು ತಿಂಗಳು ಕೊಟ್ಟು ನಿಲ್ಲಿಸುತ್ತಾನೆ, ‘ಕೊಡ್ತಾನೆ ಬಿಡು’ ಎಂದು ಇವಳು ಕಾಯುತ್ತಾಳೆ. ಬಾಕಿ ಬಿದ್ದ ಹಣಕ್ಕೆ ಅದು ಬಾಕಿಯಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಜೀವನಾಂಶದ ಕಲಮಿನಲ್ಲಿ ವಸೂಲಿ ವಾರಂಟು ಸಿಗುವುದಿಲ್ಲ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ದುಡ್ಡು ಬಂದ ತಿಂಗಳಿಗೆ ಸರಿ ಗುರುತು, ಬಾರದ ತಿಂಗಳಿಗೆ ಸೊನ್ನೆ ಹಾಕಿಸುತ್ತೇನೆ. ಸೊನ್ನೆ ಆರಾದರೆ ನನ್ನ ಕಚೇರಿಗೆ ಬರಬೇಕು, ಕ್ಯಾಲೆಂಡರನ್ನೇ ಸುತ್ತಿ ತಂದರೂ ಸರಿ.