ಒದ್ದೆ ಬೋರ್ಡು, ಬಿಳಿ ಹಾಸಿಗೆ

ಸರ್ಫಿಂಗ್ ಊರಿನಲ್ಲಿ ಬೂಟಿಕ್ ಹೋಟೆಲ್ (ಕೆಲವೇ ಕೋಣೆಗಳ, ತನ್ನದೇ ವಿನ್ಯಾಸದ ಸಣ್ಣ ಹೋಟೆಲ್) ಹುಡುಕುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಒದ್ದೆ ಸಾಮಾನು ಎಲ್ಲಿಡುವುದು? ದಿನಕ್ಕೆರಡು ಸಲ ಅಲೆಗೆ ಇಳಿದು ಬರುವವರ ಜೊತೆ ಎಂಟೊಂಬತ್ತು ಅಡಿಯ ಬೋರ್ಡು, ನೀರು ತೊಟ್ಟಿಕ್ಕುವ ರಾಶ್‌ಗಾರ್ಡ್ (ಮೈಗಂಟುವ ಈಜಂಗಿ), ಕಾಲಿಗಂಟಿದ ಮರಳು, ಕಾಲು ಜಾರದಂತೆ ಬೋರ್ಡಿಗೆ ಉಜ್ಜಿ ಕೈಗಂಟಿದ ವ್ಯಾಕ್ಸ್ (ಮೇಣ) ಎಲ್ಲ ಬರುತ್ತವೆ. ಕೋಣೆಯಲ್ಲಿ ಇರುವುದು ಬಿಳಿ ಲಿನನ್ ಹಾಸಿಗೆ, ಪಾಲಿಶ್ ಹೊಡೆದ ಸಿಮೆಂಟ್ ನೆಲ, ಬೆತ್ತದ ಕುರ್ಚಿ. ಇವೆರಡರ ನಡುವೆ ಒಂದು ನಲ್ಲಿ, ಒಂದು ಹಗ್ಗ, ಒಂದು ಬೋರ್ಡ್ ರ್ಯಾಕ್ ಇಟ್ಟಿದ್ದರೆ ಹೋಟೆಲಿನವರಿಗೆ ಸರ್ಫಿಂಗ್ ಗೊತ್ತು ಅಂತ ಅರ್ಥ. ಇಲ್ಲದಿದ್ದರೆ ಅದು ಸಮುದ್ರದ ಹತ್ತಿರದ ಚೆಂದದ ಕಟ್ಟಡ, ಅಷ್ಟೆ.

ಬೂಟಿಕ್ ಅನ್ನುವ ಹೆಸರೊಂದನ್ನೇ ನಂಬುವ ಹಾಗಿಲ್ಲ. 1984ರಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಹೋಟೆಲ್ ತೆರೆದ ಕಾಲದಿಂದ ಈ ಪದ ಹಬ್ಬಿತು. ನಕ್ಷತ್ರಗಳ ಶ್ರೇಣಿಗೆ ಇರುವಂಥ ತಪಾಸಣೆ ಈ ಪದಕ್ಕಿಲ್ಲ, ಯಾರು ಬೇಕಾದರೂ ನಾಮಫಲಕದ ಮೇಲೆ ಬರೆಸಿಕೊಳ್ಳಬಹುದು. ನಮಗೆ ಉಪಯೋಗಕ್ಕೆ ಬರುವ ಗುಣ ಬೇರೆ ಇದೆ: ಇಂಥ ಕಡೆ ಕೋಣೆಗಳು ಕಡಿಮೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಹಾಗಾಗಿ ‘ಡಬಲ್ ರೂಮ್’ ಅಂತ ಬುಕ್ ಮಾಡದೆ, ಯಾವ ಕೋಣೆ ಅಂತ ನಂಬರ್ ಸಮೇತ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳುತ್ತೇನೆ. ದೊಡ್ಡ ಹೋಟೆಲಿನಲ್ಲಿ ಈ ಮಾತು ನಡೆಯುವುದು ಕಷ್ಟ, ಇಲ್ಲಿ ನಡೆಯುತ್ತದೆ.

ತಾರೀಖಿನ ವಿಷಯ. ಅಲೆಯ ಮುನ್ಸೂಚನೆ ಮೊದಲ ನಾಲ್ಕೈದು ದಿನಕ್ಕೆ ಭರವಸೆ ಇಡುವಷ್ಟಿರುತ್ತದೆ, ವಾರ ದಾಟಿದರೆ ಅಂದಾಜು. ಕೋಣೆಯನ್ನೋ ಎರಡು ತಿಂಗಳ ಮೊದಲೇ ಹಿಡಿಯಬೇಕು. ಆದ್ದರಿಂದ ಸ್ವಲ್ಪ ಹೆಚ್ಚಾದರೂ ಸರಿ, ರದ್ದು ಮಾಡಲು ಅವಕಾಶವಿರುವ ದರವನ್ನೇ ಆರಿಸುತ್ತೇನೆ. ಕಲಿಯುವವರು ಇನ್ನೊಂದು ಲೆಕ್ಕ ಹಾಕಬೇಕು. ಊರಿನ ಹೆಸರಾಂತ ‘ಸೀಸನ್’ ಪಳಗಿದವರ ಸೀಸನ್. ಅದು ಶುರುವಾಗುವ ಮುಂಚಿನ ಅಥವಾ ಮುಗಿಯುತ್ತ ಬಂದ ವಾರಗಳಲ್ಲಿ ಅಲೆ ಸೊಂಟದ ಎತ್ತರಕ್ಕೆ ಇಳಿದಿರುತ್ತದೆ, ನೀರಿನಲ್ಲಿ ಜನ ಕಡಿಮೆ, ಕೋಣೆಯ ದರವೂ ಇಳಿದಿರುತ್ತದೆ.

ಮುನ್ಸೂಚನೆಯಲ್ಲಿ ಎಲ್ಲರೂ ಅಲೆಯ ಎತ್ತರ ನೋಡುತ್ತಾರೆ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ನೋಡುವವರು ಕಡಿಮೆ. 1 ಮೀಟರಿನ ಅಲೆ 7 ಸೆಕೆಂಡಿಗೊಂದರಂತೆ ಬಂದರೆ ಅದು ಹತ್ತಿರದ ಗಾಳಿ ಎಬ್ಬಿಸಿದ್ದು, ಚೆಲ್ಲಾಪಿಲ್ಲಿ. ಅದೇ 1 ಮೀಟರ್ 14 ಸೆಕೆಂಡಿಗೊಂದರಂತೆ ಬಂದರೆ ದೂರದ ಬಿರುಗಾಳಿಯ ಅಲೆ. ಎತ್ತರ ಒಂದೇ ಆದರೂ ಅದು ಹೊತ್ತು ತರುವ ಶಕ್ತಿ ಎರಡು ಪಟ್ಟು, ಆಳ ಕಡಿಮೆಯಾದಂತೆ ಏಳುವುದೂ ಹೆಚ್ಚು. 14 ಸೆಕೆಂಡಿನ ಅಲೆಗಳ ಗುಂಪು ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ಸಾಗುತ್ತದೆ. 2000 ಕಿಲೋಮೀಟರ್ ದೂರದಲ್ಲಿ ಬಿರುಗಾಳಿ ಎದ್ದರೆ ಎರಡು ದಿನದಲ್ಲಿ ಅದು ಹೋಟೆಲಿನ ಮುಂದೆ. ಹೊಸಬರಾದರೆ ಆ ದಿನವನ್ನು ಕೊಳದ ಪಕ್ಕ ಕಳೆಯಲು ಇಟ್ಟುಕೊಳ್ಳಿ.

‘ಬೀಚಿಗೆ 100 ಮೀಟರ್’ ಅನ್ನುವ ಸಾಲಿಗೆ ನಾನು ಬೆಲೆ ಕೊಡುವುದಿಲ್ಲ. ಬೀಚಿಗೆ 100 ಮೀಟರ್ ಇರಬಹುದು, ನಮಗೆ ಬೇಕಾದ ಅಲೆ ಒಡೆಯುವ ಜಾಗ ಎರಡು ಕಿಲೋಮೀಟರ್ ಆಚೆ ಇರಬಹುದು. ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ಬಿಳಿ ನೊರೆಯ ಗೆರೆ ಕಾಣುತ್ತದಲ್ಲ, ಅಲ್ಲಿಂದ ಹೋಟೆಲಿನ ಬಾಗಿಲ ತನಕ ನಡೆಯುವ ದಾರಿಯನ್ನು ಅಳೆಯಿರಿ. ಕಲಿಯುವವರ 8–9 ಅಡಿಯ ಫೋಮ್ ಬೋರ್ಡನ್ನು ಗಾಳಿಗೆ ಎದುರಾಗಿ ಹೊತ್ತು ನಡೆಯಲು 500 ಮೀಟರ್ ನನ್ನ ಮಿತಿ. ಅದಕ್ಕಿಂತ ದೂರವಾದರೆ ಬೋರ್ಡನ್ನು ಕಡಲತೀರದಲ್ಲೇ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ಬಿಟ್ಟು ಬರುತ್ತೇನೆ. ಕೆಳಗೆ ಮರಳಿದೆಯೋ ಬಂಡೆಯೋ ಅನ್ನುವುದನ್ನೂ ಕೇಳಬೇಕು. ಬಂಡೆಯ ಮೇಲೆ ಒಡೆಯುವ ಅಲೆ ದಿನವೂ ಅದೇ ಜಾಗದಲ್ಲಿ ಅಚ್ಚುಕಟ್ಟಾಗಿ ಒಡೆಯುತ್ತದೆ, ಬಿದ್ದಾಗ ಮಾತ್ರ ದಯೆ ತೋರಿಸುವುದಿಲ್ಲ.

ಫೋಟೊ ಓದುವುದು ಒಂದು ಕಸುಬು. ವೈಡ್ ಲೆನ್ಸ್ ಸಣ್ಣ ಕೋಣೆಯನ್ನು ಸಭಾಂಗಣ ಮಾಡಿ ತೋರಿಸುತ್ತದೆ. ನನ್ನ ಅಳತೆಗೋಲು ಮಂಚ. ಕಿಂಗ್ ಹಾಸಿಗೆ ಸುಮಾರು 180 ಸೆಂಟಿಮೀಟರ್ ಅಗಲ. ಹಾಸಿಗೆಗೂ ಗೋಡೆಗೂ ನಡುವೆ ಅದರ ಮೂರನೇ ಒಂದು ಭಾಗ, ಅಂದರೆ 60 ಸೆಂಟಿಮೀಟರ್ ಕೂಡ ಇಲ್ಲವಾದರೆ ಸೂಟ್‌ಕೇಸ್ ಬಿಚ್ಚಿಡಲು ಜಾಗವಿಲ್ಲ. ಸ್ನಾನದ ಮನೆಗೆ ಬಾಗಿಲಿದೆಯೋ, ಬರೀ ಗಾಜಿದೆಯೋ? ಗಾಜಿನ ಮೇಲ್ಭಾಗ ತೆರೆದಿದ್ದರೆ ಬಿಸಿನೀರಿನ ಹಬೆ ರಾತ್ರಿಯಿಡೀ ಹಾಸಿಗೆಯ ಸುತ್ತಲೇ ಸುಳಿಯುತ್ತದೆ. ಛಾವಣಿಯ ಮೇಲೆ ಬಾರ್ ಇದ್ದರೆ ಅದರ ಕೆಳಗಿನ ಕೋಣೆ ಬೇಡ. ಬೆಳಿಗ್ಗೆ ಐದಕ್ಕೆ ಏಳುವವರಿಗೆ ರಾತ್ರಿ ಹನ್ನೆರಡರ ಸಂಗೀತ ಆಗಿಬರುವುದಿಲ್ಲ.

ಸಮುದ್ರಕ್ಕೆ ಮುಖ ಮಾಡಿದ ಕೋಣೆಗೆ ಎಲ್ಲರೂ ಹಣ ಕೊಡುತ್ತಾರೆ. ನಾನು ತೋಟದ ಕಡೆಯ, ಮೇಲಿನ ಮಹಡಿಯ ಕೋಣೆ ಕೇಳುತ್ತೇನೆ. ಸಮುದ್ರದ ಕಡೆಯ ಗಾಜಿಗೆ ಒಂದೇ ದಿನದಲ್ಲಿ ಉಪ್ಪಿನ ಪದರ ಕಟ್ಟಿ ನೋಟ ಮಬ್ಬಾಗುತ್ತದೆ, ಜೋರಲೆಯ ರಾತ್ರಿ ಬಾಗಿಲು ಗಡಗಡ ಅನ್ನುತ್ತದೆ, ಉಪ್ಪುಗಾಳಿಗೆ ಎ.ಸಿ.ಯ ಹೊರಗಿನ ಕಾಯಿಲ್‌ಗೆ ಬೇಗ ಕಿಲುಬು ಹಿಡಿಯುವುದರಿಂದ ತಂಪೂ ಕಡಿಮೆ. ಅಲೆ ನೋಡಬೇಕಾದರೆ ಐದು ನಿಮಿಷ ನಡೆದರಾಯಿತು.

ಬುಕ್ ಮಾಡುವ ಮುಂಚೆ ಹೋಟೆಲಿಗೆ ನೇರವಾಗಿ ಒಂದು ಸಂದೇಶ ಕಳಿಸುತ್ತೇನೆ. ಬೋರ್ಡ್ ಇಡುವ ಜಾಗಕ್ಕೆ ಬೀಗ ಇದೆಯೇ, ನೆರಳಿದೆಯೇ. ಹೊರಗೆ ಶವರ್ ಇದೆಯೇ. ಬಟ್ಟೆ ಒಣಗಿಸುವ ಹಗ್ಗ ಎಲ್ಲಿದೆ. ಬೆಳಿಗ್ಗೆ ಐದಕ್ಕೆ ಗೇಟು ತೆರೆಯುವವರು ಯಾರು. ತಿಂಡಿಯ ಹೊತ್ತು ಯಾವುದು, ಬೇಗ ಹೋಗುವವರಿಗೆ ಕಟ್ಟಿಕೊಡುತ್ತಾರೆಯೇ. ಕೋಣೆ ಬಿಟ್ಟ ಮೇಲೂ ಸ್ನಾನಕ್ಕೆ ಅವಕಾಶ ಇದೆಯೇ. ಉತ್ತರಕ್ಕಿಂತ ಉತ್ತರಿಸುವ ರೀತಿ ಹೆಚ್ಚು ಹೇಳುತ್ತದೆ. ‘ಎಲ್ಲ ಇದೆ, ಬನ್ನಿ’ ಅಂದರೆ ಅನುಮಾನ ಪಡಿ. ‘ರ್ಯಾಕಿನಲ್ಲಿ ಒಂಬತ್ತು ಅಡಿಯ ಬೋರ್ಡ್ ಹಿಡಿಸುವುದಿಲ್ಲ, ಮೆಟ್ಟಿಲ ಕೆಳಗೆ ಇಡಿಸುತ್ತೇವೆ’ ಅಂದರೆ ಅವರಿಗೆ ಕೆಲಸ ಗೊತ್ತು.

ಕೋಣೆಗೆ ಕಾಲಿಟ್ಟ ಮೊದಲ 20 ನಿಮಿಷ ಪೆಟ್ಟಿಗೆ ಬಿಚ್ಚುವುದಿಲ್ಲ. ಎ.ಸಿ. ಹಾಕಿ ನೀರು ಒಳಗೆ ತೊಟ್ಟಿಕ್ಕುತ್ತದೆಯೇ ನೋಡುತ್ತೇನೆ. ತಿಜೋರಿಯನ್ನು ಬಾಗಿಲು ತೆರೆದಿಟ್ಟುಕೊಂಡೇ ಒಮ್ಮೆ ಲಾಕ್ ಮಾಡಿ ನೋಡುತ್ತೇನೆ. ಉಪ್ಪುಗಾಳಿಗೆ ಬ್ಯಾಟರಿಯ ತುದಿಗಳಿಗೆ ಕಿಲುಬು ಹಿಡಿದಿದ್ದರೆ ಪಾಸ್‌ಪೋರ್ಟ್ ಒಳಗೇ ಸಿಕ್ಕಿಬೀಳುತ್ತದೆ. ಸೋಫಾ, ಹಾಸಿಗೆಯ ಹೊದಿಕೆ, ಟವೆಲ್ ಮೇಲೆ ಮೊದಲೇ ಕಲೆಗಳಿದ್ದರೆ ಫೋಟೊ ತೆಗೆದು ರಿಸೆಪ್ಷನ್ನಿಗೆ ಅವತ್ತೇ ಕಳಿಸುತ್ತೇನೆ. ಬಿಳಿ ಬಟ್ಟೆಯ ಕೋಣೆಗಳಲ್ಲಿ ಜಗಳ ಬರುವುದು ಬಹುಪಾಲು ಕಲೆಯ ಲೆಕ್ಕಕ್ಕೆ.

ಬಿಸಿನೀರಿನ ಗಣಿತ ಯಾರೂ ಹೇಳಿಕೊಡುವುದಿಲ್ಲ. ಛಾವಣಿಯಿಂದ ಮಳೆಯಂತೆ ಸುರಿಯುವ ಆ ದೊಡ್ಡ ಶವರ್ ನಿಮಿಷಕ್ಕೆ 10–12 ಲೀಟರ್ ಕುಡಿಯುತ್ತದೆ. ಸುಳ್ಳು ಸೀಲಿಂಗಿನ ಮೇಲೆ ಅಡಗಿರುವ ಗೀಸರ್ 15 ಲೀಟರಿನದಾಗಿದ್ದರೆ, 60 ಡಿಗ್ರಿಯ ಆ ನೀರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ಇಳಿಸಿದಾಗ ಸಿಗುವುದು 30–35 ಲೀಟರ್. ಅಂದರೆ ಮೂರು ನಿಮಿಷ. 2 ಕಿಲೋವ್ಯಾಟಿನ ಗೀಸರ್ ಮತ್ತೆ ಕಾಯಲು ಸುಮಾರು 20 ನಿಮಿಷ ಬೇಕು. ಇಬ್ಬರಿದ್ದರೆ ಮೊದಲನೆಯವರು ಹೊರಗಿನ ಶವರಿನಲ್ಲಿ ಉಪ್ಪು, ಮರಳು ಕಳೆದುಕೊಂಡು ಬಂದು ಒಳಗೆ ಕೈಶವರ್ ಬಳಸಿದರೆ ಎರಡನೆಯವರಿಗೂ ಬಿಸಿನೀರು ಉಳಿಯುತ್ತದೆ. ಕೀಕಾರ್ಡ್ ತೆಗೆದರೆ ಗೀಸರೂ ಆಫ್ ಆಗುವ ಕೋಣೆಗಳಿವೆ. ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ದಿನಚರಿಯನ್ನು ನಿರ್ಧರಿಸುವುದು ಗಡಿಯಾರವಲ್ಲ, ಉಬ್ಬರವಿಳಿತ. ದಿನಕ್ಕೆ ಎರಡು ಉಬ್ಬರ ಬರುವ ಕರಾವಳಿಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ 12 ಗಂಟೆ 25 ನಿಮಿಷ. ಹಾಗಾಗಿ ಪ್ರತಿ ದಿನ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬಂದ ದಿನ ಬೆಳಿಗ್ಗೆ ಆರಕ್ಕೆ ಪೂರ್ಣ ಉಬ್ಬರವಿದ್ದರೆ ಏಳು ದಿನ ಕಳೆದ ಮೇಲೆ ಅದೇ ಆರಕ್ಕೆ ಪೂರ್ಣ ಇಳಿತ. ಮರಳ ದಿಬ್ಬದ ಮೇಲೆ ಮೊದಲ ದಿನ ಮೆಲ್ಲಗೆ ಒಡೆಯುತ್ತಿದ್ದ ಅಲೆ ಕೊನೆಯ ದಿನ ಮೊಣಕಾಲು ನೀರಿನಲ್ಲಿ ಧಪ್ಪನೆ ಕುಸಿಯುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಗಾಳಿಗೂ ಹೊತ್ತಿದೆ. ರಾತ್ರಿ ತಣಿದ ನೆಲದಿಂದ ಬೆಳಗಿನ ಜಾವ ಸಮುದ್ರದ ಕಡೆ ಬೀಸುವ ಗಾಳಿ ಅಲೆಯ ಮುಖವನ್ನು ನಯವಾಗಿಡುತ್ತದೆ. ನೆಲ ಕಾಯುತ್ತಿದ್ದಂತೆ, ಸಾಮಾನ್ಯವಾಗಿ ಹತ್ತು ಹನ್ನೊಂದರ ಹೊತ್ತಿಗೆ, ಗಾಳಿ ತಿರುಗಿ ಅಲೆಗಳೆಲ್ಲ ಕದಡುತ್ತವೆ. ತಿಂಡಿ ಎಂಟರಿಂದ ಹತ್ತು ಅಂತ ನಿಗದಿ ಮಾಡಿದ ಹೋಟೆಲು ದಿನದ ಒಳ್ಳೆಯ ಎರಡು ಗಂಟೆಯನ್ನು ನಮ್ಮಿಂದ ಕಿತ್ತುಕೊಳ್ಳುತ್ತದೆ. ಅದಕ್ಕೇ ಆ ಸಂದೇಶದಲ್ಲಿ ತಿಂಡಿಯ ಪ್ರಶ್ನೆ.

ಇನ್ನು ಒಣಗಿಸುವ ಕೆಲಸ. ಕಡಲ ತೇವದಲ್ಲಿ, ಅದರಲ್ಲೂ ಉಪ್ಪು ಉಳಿದ ಬಟ್ಟೆ, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿದ ಬಟ್ಟೆಗೂ ಒಂದು ಸಲ ನೆನೆಸಿ ತೆಗೆದ ಬಟ್ಟೆಗೂ ಮರುದಿನ ಮುಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ. ಒಣ ಟವೆಲಿನೊಳಗೆ ರಾಶ್‌ಗಾರ್ಡನ್ನು ಸುರುಳಿ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ, ಆಮೇಲೆ ಹರವುತ್ತೇನೆ. ಹಗ್ಗವಿಲ್ಲದಿದ್ದರೆ ಕೋಣೆಯ ಎ.ಸಿ.ಯನ್ನು ಡ್ರೈ ಮೋಡಿನಲ್ಲಿಟ್ಟು ಬಾಗಿಲು ಕಿಟಕಿ ಮುಚ್ಚುತ್ತೇನೆ. ಬಾಲ್ಕನಿಯ ಬಾಗಿಲು ತೆರೆದಿದ್ದರೆ ಎ.ಸಿ. ನೀರು ಸುರಿಸುತ್ತದೆಯೇ ಹೊರತು ಬಟ್ಟೆ ಒಣಗುವುದಿಲ್ಲ. ತಣ್ಣೀರಿಗಿಳಿಯುವಾಗ ಹಾಕುವ ನಿಯೋಪ್ರೀನ್ ರಬ್ಬರಿನ ವೆಟ್‌ಸೂಟನ್ನು ಒಳಗನ್ನು ಹೊರಗೆ ಮಾಡಿ, ಸೊಂಟದಲ್ಲಿ ಮಡಚಿ ದಪ್ಪ ಹ್ಯಾಂಗರಿನ ಮೇಲೆ, ನೆರಳಿನಲ್ಲಿ ಹಾಕಬೇಕು. ಭುಜದಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ, ಬಿಸಿಲಿಗೆ ನಿಯೋಪ್ರೀನ್ ಬಿರುಸಾಗುತ್ತದೆ. ಬೆತ್ತದ ಕುರ್ಚಿಯ ಮೇಲೆ ಒದ್ದೆ ಬಟ್ಟೆ ಹಾಕಬೇಡಿ, ಅದು ಬೂಸಲು ಹಿಡಿಯುತ್ತದೆ. ಪಾಲಿಶ್ ಸಿಮೆಂಟ್ ನೆಲದ ಮೇಲೆ ನೀರು ಬಿದ್ದಿದ್ದು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಬಾಗಿಲಿಂದ ಸ್ನಾನದ ಮನೆಗೆ ಒಂದು ಹಳೆಯ ಟವೆಲ್ ಕೇಳಿ ಹಾಸಿಕೊಳ್ಳುತ್ತೇನೆ.

ಕಲೆಗಳ ಪೈಕಿ ಅತ್ಯಂತ ಕೆಟ್ಟದ್ದು ವ್ಯಾಕ್ಸ್ ಅಲ್ಲ, ಸನ್‌ಸ್ಕ್ರೀನ್. ಅವೊಬೆಂಜೋನ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ತಾಗಿದ ಬಿಳಿ ಬಟ್ಟೆ ಮೊದಲಿಗೆ ಚೆನ್ನಾಗಿಯೇ ಕಾಣುತ್ತದೆ. ಕಬ್ಬಿಣದ ಅಂಶವಿರುವ ನೀರಿನಲ್ಲಿ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಏಳುತ್ತದೆ, ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಗಾಢವಾಗುತ್ತದೆ. ತುಕ್ಕಿನ ಕಲೆಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಬೇಕು. ನಾನು ನೀರಿಗಿಳಿಯುವ ದಿನ ಜಿಂಕ್ ಆಕ್ಸೈಡ್ ಇರುವುದನ್ನೇ ಹಚ್ಚುತ್ತೇನೆ, ಸೋಪಿನಲ್ಲಿ ಮೈ ತೊಳೆಯದೆ ಹೋಟೆಲಿನ ಟವೆಲ್ ಮುಟ್ಟುವುದಿಲ್ಲ. ಬೀಚಿಗೆ ಬಣ್ಣದ ಟವೆಲ್ ಸ್ವಂತದ್ದು. ಸಮುದ್ರದ ಹವಳಕ್ಕೆ ಹಾನಿಯೆಂದು ಸನ್‌ಸ್ಕ್ರೀನಿನ ಕೆಲವು ರಾಸಾಯನಿಕಗಳ ಮೇಲೆ ನಿರ್ಬಂಧ ಇರುವ ಕಡೆಗಳೂ ಉಂಟು; ಹವಾಯಿಯಲ್ಲಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರುವ ಹಾಗಿಲ್ಲ. ಇನ್ನು ವ್ಯಾಕ್ಸ್ ಬಟ್ಟೆಗೆ ಅಂಟಿದರೆ ಉಜ್ಜಬೇಡಿ. ಚೀಲದಲ್ಲಿ ಐಸ್ ಹಾಕಿ ಹತ್ತು ನಿಮಿಷ ಅದರ ಮೇಲಿಟ್ಟರೆ ಗಟ್ಟಿಯಾಗುತ್ತದೆ, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದರೆ ಬಹುಪಾಲು ಎದ್ದು ಬರುತ್ತದೆ. ಉಳಿದ ಜಿಡ್ಡಿನ ಮೇಲೆ ಕಾಗದವಿಟ್ಟು ಇಸ್ತ್ರಿ ಆಡಿಸಿದರೆ ಕಾಗದ ಅದನ್ನು ಹೀರುತ್ತದೆ.

ಬೋರ್ಡನ್ನು ಬಾಲ್ಕನಿಯ ಗೋಡೆಗೆ ಒರಗಿಸಿ ಫೋಟೊ ತೆಗೆಯಲು ಚೆಂದ. ಅಲ್ಲೇ ಬಿಟ್ಟರೆ ಮಧ್ಯಾಹ್ನದ ಕಡಲಗಾಳಿಗೆ ಬೀಳುತ್ತದೆ, ಬಿಸಿಲಿಗೆ ವ್ಯಾಕ್ಸ್ ಕರಗಿ ನೆಲಕ್ಕೆ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗಿ ಮೇಲಿನ ಫೈಬರ್ ಪದರ ಗುಳ್ಳೆ ಏಳುವುದೂ ಉಂಟು. ವ್ಯಾಕ್ಸ್ ಹಚ್ಚಿದ ಬದಿ ಗೋಡೆಯ ಕಡೆಗೆ, ನೆರಳಿನಲ್ಲಿ, ಅಡ್ಡಲಾಗಿ ಮಲಗಿಸಿ ಇಡಿ.

ಹೊರಡುವ ದಿನಕ್ಕೆ ಕೊನೆಯ ಸರ್ಫ್ ಬೇಕೇ ಬೇಕು ಅನ್ನುವವರು ವಿಮಾನದ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಬೋರ್ಡ್ ಒಣಗಲು ಒಂದು ಗಂಟೆ, ಫಿನ್ (ಬೋರ್ಡಿನ ಅಡಿಯ ರೆಕ್ಕೆ) ಕಳಚಿ ಬೋರ್ಡಿನ ಮೂಗು ಮತ್ತು ಬಾಲಕ್ಕೆ ಟವೆಲ್ ಸುತ್ತಿ ಚೀಲಕ್ಕೆ ಹಾಕಲು ಅರ್ಧ ಗಂಟೆ. ಗಾಳಿಕಂಡಿ ಇರುವ ಇಪಿಎಸ್ (ಥರ್ಮಾಕೋಲ್ ಜಾತಿಯ ಫೋಮ್) ಬೋರ್ಡಾದರೆ ವಿಮಾನಕ್ಕೆ ಹಾಕುವ ಮುಂಚೆ ಅದರ ಸ್ಕ್ರೂ ಸಡಿಲಿಸಿ, ಮುಂದಿನ ಸಲ ನೀರಿಗೆ ಇಳಿಸುವ ಮುಂಚೆ ಬಿಗಿ ಮಾಡಿ. ಫಿನ್ ಕಳಚುವ ಪುಟ್ಟ ಕೀಲಿಯನ್ನು ಚೀಲದ ಜಿಪ್ಪಿಗೇ ಕಟ್ಟಿಡುತ್ತೇನೆ, ಹೋಟೆಲಿನ ಮೇಜಿನ ಡ್ರಾಯರಿನಲ್ಲಿ ಉಳಿದುಹೋಗುವ ವಸ್ತುಗಳಲ್ಲಿ ಅದಕ್ಕೆ ಮೊದಲ ಸ್ಥಾನ. ಒದ್ದೆ ಉಳಿದದ್ದೆಲ್ಲ ಬಾಯಿ ಬಿಗಿಯುವ ಒಂದು ಜಲನಿರೋಧಕ ಚೀಲಕ್ಕೆ. ಮನೆ ತಲುಪಿದಾಗ ಉಳಿದ ಪೆಟ್ಟಿಗೆಗಳು ನಾಳೆಗೆ ಕಾಯಬಹುದು, ಈ ಚೀಲವನ್ನು ಮಾತ್ರ ಅವತ್ತೇ ಬಿಚ್ಚಿ.